ಸಮುದಾಯವೂ ರಾಷ್ಟ್ರಗಳೂ: ಒಂದು ಆರ್ಥಿಕ ತುಲನೆಯ ವಿಮರ್ಶೆ

ತೂಕವೆಂಬುದು ಎರಡು ತಟ್ಟೆಗಳ ವ್ಯವಹಾರ. ಒಂದು ತಟ್ಟೆಯಲ್ಲಿ ಏನನ್ನಿಟ್ಟರೂ, ಮತ್ತೊಂದರಲ್ಲಿಟ್ಟ ಕಲ್ಲು ಯಾವುದೆಂದು ಗೊತ್ತಾಗದ ಹೊರತು ಅದರ ಭಾರ ತಿಳಿಯದು. ಜನಗಳ ಸಿರಿತನ ಬಡತನಗಳನ್ನು ಅಳೆಯುವಲ್ಲಿಯೂ ಇದೇ ನ್ಯಾಯ. ದಾದಾಭಾಯಿ ನವರೋಜಿಯವರು 1867-68ನೆಯ ಸಾಲಿಗೆ ಭಾರತೀಯನೊಬ್ಬನ ವರಮಾನವನ್ನು ವರ್ಷಕ್ಕೆ 20 ರೂಪಾಯಿಗಳೆಂದು ಎಣಿಸಿದರು. ಎಣಿಸಿ ಅಷ್ಟಕ್ಕೇ ನಿಲ್ಲದೆ, ಅದನ್ನು ಸೆರೆಮನೆಯ ಕೈದಿಯ ಅನ್ನವಸ್ತ್ರಗಳಿಗೆ ತಗಲುವ ವೆಚ್ಚದ ಪಕ್ಕದಲ್ಲಿಟ್ಟು ತೋರಿಸಿದರು. ಬರಿಯ ಅಂಕಿಗೆ ಇಲ್ಲದಿದ್ದ ಮಾತು ಆ ಹೋಲಿಕೆಯಿಂದ ಬಂದಿತು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1920ರಲ್ಲಿ ಪ್ರಕಟಿಸಿದ ‘ರಿಕನ್‌ಸ್ಟ್ರಕ್ಟಿಂಗ್ ಇಂಡಿಯಾ’ ಗ್ರಂಥದಲ್ಲಿ ಭಾರತದ ಸ್ಥಿತಿಯನ್ನು ಜಪಾನು, ಕೆನಡಾ ಮೊದಲಾದ ದೇಶಗಳ ಸ್ಥಿತಿಯೊಡನೆ ಸರಿದೂಗಿಸಿ ನೋಡಿದ್ದೂ ಇದೇ ಉದ್ದೇಶದಿಂದ.

ಇವು ದೇಶದೊಡನೆ ದೇಶವನ್ನು ತೂಗಿದ ಬಗೆ. ಒಂದು ದೇಶದ ಒಳಗಿರುವ ಅಲ್ಪಸಂಖ್ಯಾತ ಸಮುದಾಯವನ್ನು ಬೇರ್ಪಡಿಸಿ, ಅದನ್ನೇ ಒಂದು ರಾಷ್ಟ್ರವೆಂದು ಭಾವಿಸಿ, ಪರರಾಷ್ಟ್ರಗಳ ಪಂಕ್ತಿಯಲ್ಲಿ ಕುಳ್ಳಿರಿಸಿ ನೋಡುವುದು ಇನ್ನೊಂದು ಬಗೆ. ಇದಕ್ಕೆ ದೊರೆಯುವ ಎರಡು ಪ್ರಸಿದ್ಧ ಉದಾಹರಣೆಗಳು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿರುವ ಆಫ್ರಿಕನ್-ಅಮೆರಿಕನ್ ಸಮುದಾಯಕ್ಕೆ ಸಂಬಂಧಿಸಿದವು. ಮೊದಲನೆಯದು 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರು ಮಾಡಿದ್ದು. ಎರಡನೆಯದು 1990ರ ದಶಕದಲ್ಲಿ ಅಮರ್ತ್ಯ ಸೇನರು ಮಾಡಿದ್ದು. ಎರಡನೆಯದರಲ್ಲಿ ಎದುರು ತಟ್ಟೆಗೆ ಬಂದ ಜನಪದಗಳಲ್ಲಿ ಕೇರಳವೂ ಒಂದು. ಆದುದರಿಂದ ಕೊಚ್ಚಿ, ತಿರುವನಂತಪುರಗಳಲ್ಲಿ ನೆಲಸಿರುವ ಕನ್ನಡಿಗರಿಗೆ ಇದು ಸಮುದ್ರದಾಚೆಯ ವಿಷಯವೆನಿಸಲಾರದು. ಕೇರಳದ ಬಡಗಣ ತುದಿಯ ಕನ್ನಡಿಗರೂ ಆ ತಟ್ಟೆಯಲ್ಲಿ ಸೇರಿಯೇ ತೂಗಲ್ಪಟ್ಟವರು.

ಕಿಂಗ್ ಅವರು ಮೆಂಫಿಸ್ ನಗರದಲ್ಲಿ 1968ರ ಏಪ್ರಿಲ್ 3ರಂದು ಮಾತನಾಡಿದರು. ಅಲ್ಲಿ ಫೆಬ್ರವರಿಯಿಂದ ಸುಮಾರು 1,300 ಮಂದಿ ಪೌರಕಾರ್ಮಿಕರ ಮುಷ್ಕರ ನಡೆದಿದ್ದಿತು. ಆ ಭಾಷಣದಲ್ಲಿ ಅವರು ತಮ್ಮ ಜನರ ವಾರ್ಷಿಕ ವರಮಾನ 3,000 ಕೋಟಿ ಡಾಲರುಗಳನ್ನು ಮೀರಿದೆಯೆಂದೂ, ಅದು ಕೆನಡಾ ದೇಶದ ಆಯವ್ಯಯಕ್ಕಿಂತ ದೊಡ್ಡದೆಂದೂ, ಒಟ್ಟಾಗಿ ನೋಡಿದರೆ ಲೋಕದ ಒಂಬತ್ತು ರಾಷ್ಟ್ರಗಳನ್ನುಳಿದು ಮಿಕ್ಕೆಲ್ಲವುಗಳಿಗಿಂತ ತಾವೇ ಧನಿಕರೆಂದೂ ಹೇಳಿದರು. ಮರುದಿನ ಅವರ ಕೊಲೆಯಾಯಿತು. ಈ ತುಲನೆಯನ್ನು ಅಲಂಕಾರವೆಂದು ತಳ್ಳಿಬಿಡುವುದು ಸುಲಭ. ಅಂದಿನ ಆ ಸಮುದಾಯದ ಜನಸಂಖ್ಯೆ ಸುಮಾರು 2 ಕೋಟಿ 20 ಲಕ್ಷ. ಮೇಲಿನ ಮೊತ್ತವನ್ನು ಅದರಿಂದ ಭಾಗಿಸಿದರೆ ತಲೆಗೆ 1,350 ಡಾಲರುಗಳ ಸುಮಾರಿಗೆ ಬರುತ್ತದೆ. ದೇಶದ ಸರಾಸರಿ ಅದರ ಇಮ್ಮಡಿಗೂ ಮೇಲಿತ್ತು. ಮೊತ್ತದಲ್ಲಿ ಹತ್ತನೆಯ ರಾಷ್ಟ್ರ, ಮನೆಯಲ್ಲಿ ಅರೆಪಾಲಿನ ಊಟ: ಎರಡೂ ಒಂದೇ ಅಂಕಿಯ ಎರಡು ಮುಖಗಳು.

ಆದರೆ ಕಿಂಗ್ ಅವರು ಈ ಅಂಕಿಯಿಂದ ತಮ್ಮ ಜನರು ಸುಖಿಗಳೆಂದು ಸಾಧಿಸಲು ಹೊರಟವರಲ್ಲ. ಕೊಳ್ಳುವ ಕೈಯನ್ನು ಹಿಂದೆಗೆದರೆ ಮಾರುವವನು ಮಾತು ಕೇಳುತ್ತಾನೆಂಬುದು ಅವರ ವಾದ. ಅದೇ ಭಾಷಣದಲ್ಲಿ ಅವರು, ಪೇಟೆಯ ಬ್ಯಾಂಕುಗಳಲ್ಲಿರುವ ಹಣವನ್ನು ತೆಗೆದು ಕರಿಯರೇ ಸ್ಥಾಪಿಸಿದ ಟ್ರೈ-ಸ್ಟೇಟ್ ಬ್ಯಾಂಕಿನಲ್ಲಿಡಬೇಕೆಂದು ಕೇಳಿಕೊಂಡರು. ಇಲ್ಲಿಯೇ ಅವರ ತುಲನೆಯ ಮರ್ಮವಿದೆ. ರಾಷ್ಟ್ರಕ್ಕೆ ಬೊಕ್ಕಸವುಂಟು, ಸುಂಕದ ಕಟ್ಟೆಯುಂಟು, ನಾಣ್ಯವುಂಟು. ಅದರ ಮೊತ್ತವು ಅದರ ಕೈಯಲ್ಲಿರುತ್ತದೆ. ಅಲ್ಪಸಂಖ್ಯಾತ ಸಮುದಾಯದ ಮೊತ್ತವಾದರೋ ಲಕ್ಷಾಂತರ ಜೇಬುಗಳಲ್ಲಿ ಹರಡಿದ ಚಿಲ್ಲರೆ. ಅದನ್ನು ಕೂಡಿಡುವ ಪಾತ್ರೆಯೊಂದಿಲ್ಲದಿದ್ದರೆ, ಕಾಗದದ ಮೇಲೆ ಎಷ್ಟು ಸೊನ್ನೆ ಬರೆದರೂ ಅದು ಬಲವಾಗಲಾರದು.

ಕರಾವಳಿಯ ಕನ್ನಡ ನಾಡಿಗೆ ಈ ಮಾತು ಹೊಸದಲ್ಲ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಮಂಗಳೂರಿನಲ್ಲಿ ಕೆನರಾ ಬ್ಯಾಂಕಿನ ಮೂಲಸಂಸ್ಥೆಯನ್ನೂ, ಅದೇ ವರ್ಷ ಹಾಜಿ ಅಬ್ದುಲ್ಲಾ ಸಾಹೇಬರು ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಮೂಲಸಂಸ್ಥೆಯನ್ನೂ ಸ್ಥಾಪಿಸಿದರು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕೆನಿಸಿದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯ ಕ್ರಮವನ್ನು ಬಳಕೆಗೆ ತಂದಿತು. ದಿನಕ್ಕೆ ಎರಡಾಣೆ ಕೊಡಬಲ್ಲವನ ಮನೆಬಾಗಿಲಿಗೆ ಬ್ಯಾಂಕೇ ನಡೆದುಹೋಯಿತು. ಎರಡಾಣೆಯನ್ನು ಯಾವ ರಾಷ್ಟ್ರದ ಬೊಕ್ಕಸದೊಡನೆಯೂ ಯಾರೂ ಹೋಲಿಸಲಿಲ್ಲ. ಹೋಲಿಸುವ ಅಗತ್ಯವೂ ಬೀಳಲಿಲ್ಲ. ಪಾತ್ರೆ ಸಿದ್ಧವಾದ ಮೇಲೆ ಹನಿಗಳ ಲೆಕ್ಕ ತಾನಾಗಿ ಬೆಳೆಯಿತು. ಕಾರ್ಪೊರೇಷನ್, ಸಿಂಡಿಕೇಟ್ ಎಂಬ ಹೆಸರುಗಳು 2020ರ ವಿಲೀನದಲ್ಲಿ ಕಾಣೆಯಾದವು. ಆದರೂ ಒಂದು ಸಣ್ಣ ಸೀಮೆಯ ಜನ ಒಟ್ಟು ಮೊತ್ತದ ಅರ್ಥವನ್ನು ಹೇಗೆ ಕಂಡುಕೊಂಡರೆಂಬುದಕ್ಕೆ ಆ ಚರಿತ್ರೆ ಸಾಕ್ಷಿಯಾಗಿದೆ.

ಒಟ್ಟು ಮೊತ್ತದ ತುಲನೆಗೆ ಒಂದು ದುರುಪಯೋಗವೂ ಉಂಟು. ತಮ್ಮವರನ್ನು ಎಚ್ಚರಿಸಲು ನಾಯಕನೊಬ್ಬ ಬಳಸಿದ ಅಂಕಿಯನ್ನೇ ಎದುರು ಪಕ್ಷದವರು ದೂರಿಗೆ ಉತ್ತರವಾಗಿ ಒಡ್ಡುತ್ತಾರೆ: ‘ಲೋಕದ ಬಹುಪಾಲು ದೇಶಗಳವರಿಗಿಂತ ನೀವು ಉಂಡುಟ್ಟು ಚೆನ್ನಾಗಿರುವಿರಿ, ಇನ್ನೇನು ಕೊರತೆ?’ ಇದು ನೋಡಲು ತರ್ಕದಂತೆಯೇ ಇದ್ದರೂ ತರ್ಕವಲ್ಲ. ಮನುಷ್ಯನು ಬದುಕುವುದು ತನ್ನ ನೆರೆಹೊರೆಯಲ್ಲಿ. ಬಾಡಿಗೆ ಕೊಡುವುದೂ ವೈದ್ಯನ ಬಿಲ್ಲನ್ನು ತೀರಿಸುವುದೂ ಆ ಊರಿನ ದರದಲ್ಲಿ. ಆಡಂ ಸ್ಮಿತ್ತನು 1776ರಷ್ಟು ಹಿಂದೆಯೇ, ತನ್ನ ಕಾಲದ ಯೂರೋಪಿನ ಬಹುಭಾಗದಲ್ಲಿ ನಾರುಬಟ್ಟೆಯ ಅಂಗಿಯಿಲ್ಲದೆ ಕೂಲಿಯವನೂ ನಾಲ್ವರ ಮುಂದೆ ನಿಲ್ಲಲು ನಾಚುವನೆಂಬುದನ್ನು ಎತ್ತಿ ತೋರಿಸಿದ್ದನು. ಅಂಗಿಯ ಅಗತ್ಯವನ್ನು ನಿರ್ಣಯಿಸುವುದು ಹವೆಯಲ್ಲ, ನೆರೆಯವರು. 2019ರಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ನಡೆಸಿದ ಸಮೀಕ್ಷೆಯಂತೆ ನಡುಮಟ್ಟದ ಬಿಳಿಯ ಕುಟುಂಬದ ನಿವ್ವಳ ಆಸ್ತಿ 1,88,200 ಡಾಲರು. ನಡುಮಟ್ಟದ ಕರಿಯ ಕುಟುಂಬದ್ದು 24,100 ಡಾಲರು. ಈ ಎಂಟರ ಒಂದು ಪಾಲಿನ ಎದುರಿಗೆ ಬೇರೊಂದು ಖಂಡದ ಬಡವನ ವರಮಾನವನ್ನು ತಂದು ನಿಲ್ಲಿಸುವುದು ಉತ್ತರವಲ್ಲ. ಪ್ರಶ್ನೆಯನ್ನು ಮರೆಸುವ ಉಪಾಯ.

ಅಮರ್ತ್ಯ ಸೇನರ ಹೆಚ್ಚುಗಾರಿಕೆಯೆಂದರೆ, ಅವರು ಈ ಉಪಾಯವನ್ನು ಅದರದೇ ನೆಲದಲ್ಲಿ ಸೋಲಿಸಿದರು. ಪರರಾಷ್ಟ್ರಗಳೊಡನೆಯೇ ಹೋಲಿಸಬೇಕೆಂದರೆ ಹೋಲಿಸೋಣ, ಆದರೆ ಡಾಲರುಗಳಿಂದಲ್ಲ, ಬದುಕಿದ ವರ್ಷಗಳಿಂದ ಎಂಬುದು ಅವರ ಕ್ರಮ. ಇದಕ್ಕೆ ಪೂರ್ವಭಾವಿಯಾಗಿ 1990ರಲ್ಲಿ ಕಾಲಿನ್ ಮೆಕಾರ್ಡ್ ಮತ್ತು ಹೆರಾಲ್ಡ್ ಫ್ರೀಮನ್ ಎಂಬ ವೈದ್ಯರು, ನ್ಯೂಯಾರ್ಕಿನ ಹಾರ್ಲೆಮ್ ಪ್ರದೇಶದ ಕರಿಯ ಗಂಡಸರು 65 ವಯಸ್ಸನ್ನು ಮುಟ್ಟುವ ಸಂಭವ ಬಾಂಗ್ಲಾದೇಶದ ಗಂಡಸರಿಗಿರುವುದಕ್ಕಿಂತಲೂ ಕಡಿಮೆಯೆಂದು ತೋರಿಸಿದ್ದರು. ಸೇನರು 1993ರ ಲೇಖನವೊಂದರಲ್ಲಿಯೂ, 1999ರಲ್ಲಿ ಪ್ರಕಟವಾದ ‘ಡೆವಲಪ್‌ಮೆಂಟ್ ಆಸ್ ಫ್ರೀಡಂ’ ಗ್ರಂಥದಲ್ಲಿಯೂ ಈ ಎಳೆಯನ್ನು ಮುಂದುವರಿಸಿ, ವರಮಾನದಲ್ಲಿ ಎಷ್ಟೋ ಪಟ್ಟು ಮೇಲಿರುವ ಆಫ್ರಿಕನ್-ಅಮೆರಿಕನ್ ಗಂಡಸರು ಹಿರಿಯ ವಯಸ್ಸನ್ನು ಮುಟ್ಟುವುದರಲ್ಲಿ ಚೀನದವರಿಗಿಂತಲೂ ಕೇರಳದವರಿಗಿಂತಲೂ ಹಿಂದೆ ಬಿದ್ದಿರುವರೆಂದು ಸಾಧಿಸಿದರು. ಈಚಿನ ಅಂಕಿಗಳೂ ಇದಕ್ಕೆ ಪೋಷಕವಾಗಿವೆ. 2020ರಲ್ಲಿ ಕೇರಳದ ಶಿಶುಮರಣ ಸಾವಿರಕ್ಕೆ 6. ಅಮೆರಿಕದ ಕರಿಯ ತಾಯಂದಿರ ಶಿಶುಗಳಲ್ಲಿ ಅದು ಸಾವಿರಕ್ಕೆ 10ಕ್ಕೂ ಮೇಲು, ಬಿಳಿಯರಲ್ಲಿ 4.4.

ಈ ತುಲನೆಯಿಂದ ಶ್ರೀಮಂತ ದೇಶದ ಸರಾಸರಿಯೆಂಬ ತೆರೆ ಹರಿದು, ಅದರ ಹಿಂದೆ ನಿಂತಿದ್ದ ಸಮುದಾಯ ಕಾಣಿಸಿಕೊಂಡಿತು. ಇದು ಸಾಮಾನ್ಯ ಸಾಧನೆಯಲ್ಲ. ಆದರೂ ವಿಮರ್ಶಕನು ಕೇಳಲೇಬೇಕಾದ ಪ್ರಶ್ನೆಯೊಂದು ಉಳಿಯುತ್ತದೆ. ಒಂದು ತಟ್ಟೆಯಲ್ಲಿ ದೇಶವನ್ನು ಒಡೆದು ಸಮುದಾಯವನ್ನಿಟ್ಟ ಮೇಲೆ, ಇನ್ನೊಂದು ತಟ್ಟೆಯಲ್ಲಿ ಇಡೀ ಕೇರಳವನ್ನು ಒಡೆಯದೆ ಇಡುವುದು ಸರಿಯೆ? ಸರಾಸರಿಯನ್ನು ಬಿಡಿಸಿ ನೋಡಬೇಕೆಂದು ಕಲಿಸಿದವರೇ ಸೇನರು. ಅವರ ಪಾಠವನ್ನು ಅವರ ಎದುರು ತಟ್ಟೆಗೂ ಅನ್ವಯಿಸುವುದು ಅವರಿಗೆ ಅಪಚಾರವಾಗಲಾರದು.

ಕೇರಳದ ಲೆಕ್ಕಗಳಲ್ಲಿ ಸರಾಸರಿ ಮಾಡುವ ಚಮತ್ಕಾರವನ್ನು ಕಾಣಲು ಕೊಚ್ಚಿಯ ಪೂರ್ವಕ್ಕಿರುವ ಅಂಬಲಮುಗಳ್ ಸಾಕು. ಅಲ್ಲಿಯ ತೈಲ ಶುದ್ಧೀಕರಣಾಗಾರ 1966ರಲ್ಲಿ ವರ್ಷಕ್ಕೆ 25 ಲಕ್ಷ ಟನ್ನುಗಳ ಸಾಮರ್ಥ್ಯದೊಡನೆ ಕೆಲಸ ತೊಡಗಿ, ಕ್ರಮೇಣ 155 ಲಕ್ಷ ಟನ್ನುಗಳಿಗೆ ಬೆಳೆದಿದೆ. ರಸಗೊಬ್ಬರದ ಮತ್ತು ರಾಸಾಯನಿಕಗಳ ಕಾರ್ಖಾನೆಗಳು ಅದರ ಮಗ್ಗುಲಿನಲ್ಲಿವೆ. ಈ ಕಾರ್ಖಾನೆಗಳಲ್ಲಿ ಹುಟ್ಟುವ ಮೌಲ್ಯವೆಲ್ಲ ಎರ್ನಾಕುಳಂ ಜಿಲ್ಲೆಯ ಉತ್ಪನ್ನದಲ್ಲಿ ಸೇರಿ, ಜನಸಂಖ್ಯೆಯಿಂದ ಭಾಗಿಸಲ್ಪಟ್ಟು, ತಲೆಗಿಷ್ಟೆಂದು ಹಂಚಿಕೆಯಾಗುತ್ತದೆ. ಕಾಗದದ ಮೇಲೆ ಹಂಚಿಕೆಯಾದುದು ಮನೆಗಳಿಗೆ ಹಂಚಿಕೆಯಾಗಬೇಕೆಂಬ ನಿಯಮವಿಲ್ಲ. ಸುಂಕ ದೆಹಲಿಗೆ, ಲಾಭ ಷೇರುದಾರರಿಗೆ. ಇತ್ತ ಮಲಪ್ಪುರಂ ಜಿಲ್ಲೆಯಲ್ಲಿ ವ್ಯತಿರಿಕ್ತ ಸ್ಥಿತಿ. ಕೊಲ್ಲಿ ದೇಶಗಳಿಂದ ಬರುವ ಹಣದಿಂದ ಮನೆಗಳು ಏಳುತ್ತವೆ, ಮಕ್ಕಳು ಓದುತ್ತಾರೆ. ಆ ಹಣವು ರಾಜ್ಯದ ಆಂತರಿಕ ಉತ್ಪನ್ನದ ಲೆಕ್ಕಕ್ಕೆ ಸೇರುವುದೇ ಇಲ್ಲ. ತಿರುವನಂತಪುರದ ಅಭಿವೃದ್ಧಿ ಅಧ್ಯಯನ ಕೇಂದ್ರವು 1998ರಿಂದ ವಲಸೆಯ ಸಮೀಕ್ಷೆಗಳನ್ನು ಬೇರೆಯಾಗಿ ನಡೆಸಬೇಕಾಗಿ ಬಂದುದು ಬರಿಯ ಉತ್ಪನ್ನದ ಅಂಕಿಯಿಂದ ಈ ಬದುಕು ತಿಳಿಯದಿದ್ದುದರಿಂದಲೇ. ಒಂದೆಡೆ ಇಲ್ಲದ ಹಣ ಇದ್ದಂತೆ, ಇನ್ನೊಂದೆಡೆ ಇರುವ ಹಣ ಇಲ್ಲದಂತೆ ಕಾಣುತ್ತದೆ.

ಹಣದ ಸರಾಸರಿಯಂತೆಯೇ ಆಯುಸ್ಸಿನ ಸರಾಸರಿಯೂ. ಅದೇ ಅಧ್ಯಯನ ಕೇಂದ್ರದ ಜಾನ್ ಕುರಿಯನ್ ಅವರು 1995ರ ಲೇಖನವೊಂದರಲ್ಲಿ, ಕೇರಳದ ಮಾದರಿಯೆಂದು ಕೊಂಡಾಡಲ್ಪಡುವ ಪ್ರಗತಿಯ ಪಂಕ್ತಿಯಿಂದ ಕಡಲ ಮೀನುಗಾರರು ಹೊರಗುಳಿದುದನ್ನು ನಿರೂಪಿಸಿದರು. ಹೀಗೆ ಹೊರಗುಳಿದ ಇನ್ನೊಂದು ಮೂಲೆ ಕಾಸರಗೋಡು. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಆ ಸೀಮೆಯಲ್ಲಿ ಚಂದ್ರಗಿರಿ ಹೊಳೆಯ ಉತ್ತರ ಭಾಗ ಕನ್ನಡನಾಡಿಗೆ ಸಲ್ಲಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಗಡಿಯ ವಾದವನ್ನು ಇಲ್ಲಿ ಎತ್ತಬೇಕಾಗಿಲ್ಲ. ಆಯುಸ್ಸಿನ ಲೆಕ್ಕವೇ ಸಾಕು. ಕನ್ನಡ ತುಳುಗಳನ್ನಾಡುವ ಎಣ್ಮಕಜೆ ಮೊದಲಾದ ಗ್ರಾಮಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ, ಸರ್ಕಾರಿ ಸ್ವಾಮ್ಯದ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರು ತೋಟಗಳಿಗಾಗಿ, ಎಂಡೋಸಲ್ಫಾನ್ ವಿಷ ಆಕಾಶದಿಂದ ಸುರಿಯಿತು. ಅದರ ಹಾನಿಯನ್ನು ಲೋಕದ ಗಮನಕ್ಕೆ ತಂದವರಲ್ಲಿ ಆ ಊರಿನವರೇ ಆದ ಕೃಷಿ ಪತ್ರಕರ್ತ ಶ್ರೀಪಡ್ರೆಯವರು ಒಬ್ಬರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ದೇಶದಾದ್ಯಂತ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ವಿಧಿಸಿತು. 2022ರಲ್ಲಿ, ಹಣ ಇನ್ನೂ ಸಲ್ಲದಿದ್ದುದಕ್ಕಾಗಿ ಕೇರಳ ಸರ್ಕಾರವನ್ನು ಆಕ್ಷೇಪಿಸಬೇಕಾಯಿತು.

ಕೇರಳದ ಶಿಶುಮರಣ ಸಾವಿರಕ್ಕೆ 6 ಎಂದು ದಾಖಲಾದ ಆ 2020ರಲ್ಲಿಯೇ ನಡೆದ ಇನ್ನೊಂದು ಸಂಗತಿ ವಾಚಕರ ನೆನಪಿನಲ್ಲಿದ್ದೀತು. ಸಾಂಕ್ರಾಮಿಕದ ನಿಮಿತ್ತ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರ ತಲಪಾಡಿಯ ಗಡಿಯನ್ನು ಮುಚ್ಚಿದಾಗ, ಕಾಸರಗೋಡಿನ ರೋಗಿಗಳಿಗೆ ಮಂಗಳೂರಿನ ಆಸ್ಪತ್ರೆಗಳ ದಾರಿ ಕಡಿಯಿತು. ಚಿಕಿತ್ಸೆ ದೊರೆಯದೆ ಹಲವರು ಸತ್ತರೆಂದು ಕೇರಳ ಸರ್ಕಾರ ದೂರಿತು. ಏಪ್ರಿಲ್ 1ರಂದು ಕೇರಳದ ಉಚ್ಚ ನ್ಯಾಯಾಲಯ ದಾರಿ ತೆರೆಯಲು ಆದೇಶಿಸಿತು. ಎಣ್ಮಕಜೆಗೆ ನೆರೆಯಾದ ಉಕ್ಕಿನಡ್ಕದಲ್ಲಿ 2013ರಲ್ಲಿ ಶಿಲಾನ್ಯಾಸವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಕಟ್ಟಡದಲ್ಲಿ ತರಾತುರಿಯಿಂದ ಆಸ್ಪತ್ರೆ ತೆರೆದದ್ದು ಆ ಏಪ್ರಿಲಿನಲ್ಲಿ. ಹಾರ್ಲೆಮಿನ ಎದುರು ಜಗತ್ತು ಕೊಂಡಾಡಿದ ರಾಜ್ಯದ ಒಂದು ಜಿಲ್ಲೆ ತನ್ನ ರೋಗಿಗಳಿಗಾಗಿ ಪರರಾಜ್ಯದ ಬಾಗಿಲನ್ನು ನೆಚ್ಚಿಕೊಂಡಿತ್ತು. ಆ ಬಾಗಿಲನ್ನು ಹಾಕಿದವರು ಕನ್ನಡದಲ್ಲಿಯೇ ಆಡಳಿತ ನಡೆಸುವವರು. ಸರಾಸರಿ ಮರೆಸಿದ್ದನ್ನು ಭಾಷಾಬಂಧುತ್ವವೂ ಕಾಪಾಡಲಿಲ್ಲ.

ಇದರಿಂದ ಸೇನರ ತುಲನೆ ಸುಳ್ಳಾಗುವುದಿಲ್ಲ. ಅದು ಅರ್ಧದಲ್ಲಿ ನಿಂತಿದೆಯೆಂಬುದಷ್ಟೆ ತಿಳಿಯುತ್ತದೆ. ಸಮುದಾಯವನ್ನು ರಾಷ್ಟ್ರಗಳೊಡನೆ ತೂಗುವವನು ಮೂರು ಮಾತುಗಳನ್ನು ಮೊದಲೇ ಹೇಳಿಬಿಡಬೇಕು. ತೂಗುವುದು ಮೊತ್ತವನ್ನೋ, ತಲಾ ಪಾಲನ್ನೋ, ಆಯುಸ್ಸನ್ನೋ. ಎದುರು ತಟ್ಟೆಯ ಜನವನ್ನೂ ಅಷ್ಟೇ ಸೂಕ್ಷ್ಮವಾಗಿ ಒಡೆದು ನೋಡಿದೆಯೋ ಇಲ್ಲವೋ. ಮತ್ತು ಈ ತೂಕ ಯಾರ ಕಿವಿಗೆ. ತಮ್ಮವರನ್ನು ಕಟ್ಟಲು ಕಿಂಗ್ ಬಳಸಿದ ಅಂಕಿ, ದೂರನ್ನು ಅಡಗಿಸಲು ಬಳಕೆಯಾದಾಗ ಬೇರೆಯೇ ಅಂಕಿಯಾಗುತ್ತದೆ.

ಹೊರನಾಡಿನ ಕನ್ನಡ ಸಂಘಗಳಿಗೆ ಇಲ್ಲಿ ಒಂದು ಕೆಲಸ ಕಾದಿದೆ. ಸದಸ್ಯರ ಏಳಿಗೆಯನ್ನು ಎಣಿಸಿ ಹಿಗ್ಗುವುದು ಸಹಜ. ಅದರಿಂದ ಕೇರಳದ ಕನ್ನಡಿಗರ ಸ್ಥಿತಿ ತಿಳಿಯದು. ಕಾಸರಗೋಡಿನ ಅಲ್ಪಸಂಖ್ಯಾತನನ್ನು ಹಾರ್ಲೆಮಿನವನೊಡನೆ ತೂಗಿ ಸಮಾಧಾನಪಡುವುದೂ, ಬೆಂಗಳೂರಿನವನೊಡನೆ ತೂಗಿ ಕೊರಗುವುದೂ ಸಮಾನವಾಗಿ ನಿಷ್ಫಲ. ಅವನನ್ನು ತೂಗಬೇಕಾದುದು ಎರ್ನಾಕುಳಂ ಜಿಲ್ಲೆಯ ಅವನ ಸಮವಯಸ್ಕನೊಡನೆ: ಆಸ್ಪತ್ರೆಗೆ ಎಷ್ಟು ದೂರ, ಶಾಲೆಯಲ್ಲಿ ಅವನ ನುಡಿಯ ಉಪಾಧ್ಯಾಯರೆಷ್ಟು, ಕೊಡಿಸಿದ ಪರಿಹಾರ ಎಷ್ಟು ವರ್ಷಕ್ಕೆ ಕೈಸೇರಿತು. ಪಂಚಾಯತಿ ಪಂಚಾಯತಿಯಾಗಿ ಈ ಲೆಕ್ಕವನ್ನು ತೆಗೆದಿಡುವುದು ರಾಷ್ಟ್ರಗಳ ಪಂಕ್ತಿಯಲ್ಲಿ ಕೂರುವಷ್ಟು ಭವ್ಯವಾದುದಲ್ಲ. ಆದರೆ ಸರ್ಕಾರದ ಮುಂದೆ ಇಡಬಹುದಾದ ಲೆಕ್ಕ ಅದು.