ಕಟ್ಟುವ ಮುನ್ನ ಬರೆದು ನೋಡಿ

ವಾಸ್ತುಶಿಲ್ಪದ ಪದವಿಗೆ ನಮ್ಮಲ್ಲಿ ಐದು ವರ್ಷ. ಅದರಲ್ಲಿ ಬಹುಪಾಲು ಕಳೆಯುವುದು ಸ್ಟುಡಿಯೊದಲ್ಲಿ: ಪ್ಲಾನು, ಸೆಕ್ಷನ್ನು, ಮಾಡೆಲ್ಲು, ಸೆಮಿಸ್ಟರ್ ಕೊನೆಗೆ ಪರೀಕ್ಷಕರ ಮುಂದೆ ಜ್ಯೂರಿ. ಆಸ್ಪತ್ರೆಯೊಂದನ್ನು ವಿನ್ಯಾಸ ಮಾಡಿ ತಂದ ಹುಡುಗನನ್ನು ಜ್ಯೂರಿಯಲ್ಲಿ ಅದರ ಆಕಾರ, ನಿವೇಶನ, ಗಾಳಿ–ಬೆಳಕುಗಳ ಬಗ್ಗೆ ಕೇಳುತ್ತಾರೆ. ಹಳ್ಳಿಯಿಂದ ರೋಗಿಯ ಜೊತೆ ಬಂದವರು ರಾತ್ರಿ ಎಲ್ಲಿ ಮಲಗುತ್ತಾರೆ, ಬುತ್ತಿ ಎಲ್ಲಿ ಬಿಚ್ಚುತ್ತಾರೆ ಎಂದು ಕೇಳುವುದು ಅಪರೂಪ. ಕೇಳಿದರೂ ಉತ್ತರವನ್ನು ಗೆರೆಯಲ್ಲಿ ತೋರಿಸುವುದು ಸುಲಭವಲ್ಲ. ಅದನ್ನು ನೋಡಿ ಬರಬೇಕು, ಮಾತಾಡಿಸಿ ತಿಳಿಯಬೇಕು, ಬರೆಯಬೇಕು.

ಬರೆಯುವುದನ್ನೇ ವಾಸ್ತುಶಿಲ್ಪ ಶಿಕ್ಷಣದ ನಡುಮನೆಗೆ ತಂದ ಒಂದು ಸ್ಪರ್ಧೆ ಬರ್ಕ್ಲಿ ಪ್ರೈಜ್. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ 1998ರಲ್ಲಿ, ಜುಡಿತ್ ಲೀ ಸ್ಟ್ರೋನಾಕ್ ಅವರು ಕೊಟ್ಟ ದತ್ತಿಯಿಂದ ಇದು ಶುರುವಾಯಿತು. ಪ್ರಪಂಚದ ಯಾವ ದೇಶದ ವಾಸ್ತುಶಿಲ್ಪ ಪದವಿ ವಿದ್ಯಾರ್ಥಿಗಾದರೂ ಇದರ ಬಾಗಿಲು ತೆರೆದಿತ್ತು. ವಾಸ್ತುಶಿಲ್ಪ ಒಂದು ಸಾಮಾಜಿಕ ಕಲೆ ಎಂಬುದು ಅದರ ಮೂಲ ನಂಬಿಕೆ. ಎಲ್ಲರೂ ಓಡಾಡಬಲ್ಲ ನಗರ, ಬಡತನ, ಮನೆಯಿಲ್ಲದವರ ಆಸರೆ ಇಂಥವೇ ಅದು ಕೊಟ್ಟ ವಿಷಯಗಳು. ಭಾರತದ ವಿದ್ಯಾರ್ಥಿಗಳು ಇದರಲ್ಲಿ ಉತ್ಸಾಹದಿಂದ ಭಾಗವಹಿಸಿದ್ದಾರೆ, ಬಹುಮಾನಗಳನ್ನೂ ಗಳಿಸಿದ್ದಾರೆ.

ಇದರ ಕ್ರಮ ನನಗೆ ಬಹಳ ಹಿಡಿಸಿದೆ. ಮೊದಲ ಸುತ್ತಿಗೆ 500 ಪದಗಳ ಒಂದು ಪ್ರಸ್ತಾವ. ಅದರಲ್ಲಿ ಆಯ್ಕೆಯಾದವರು ಮಾತ್ರ 2,500 ಪದಗಳ ಪೂರ್ಣ ಪ್ರಬಂಧ ಬರೆಯಬೇಕಿತ್ತು. ಆ ಹಂತ ಮುಟ್ಟಿದವರು ಪ್ರವಾಸ ವೇತನಕ್ಕೂ ಅರ್ಜಿ ಹಾಕಬಹುದಿತ್ತು. ಐನೂರು ಪದ ಎಂದರೆ ಒಂದೂವರೆ ಪುಟ. ಅಷ್ಟರಲ್ಲಿ ಯಾವ ಕಟ್ಟಡ, ಯಾರ ಸಲುವಾಗಿ, ಅಲ್ಲಿ ಏನನ್ನು ನೋಡಲು ಹೊರಟಿದ್ದೇನೆ ಎಂದು ಹೇಳಿ ಮುಗಿಸಬೇಕಿತ್ತು. ಸುತ್ತಿಬಳಸಿ ಬರೆಯುವವನಿಗೆ ಅಲ್ಲಿ ಜಾಗವಿರಲಿಲ್ಲ. ಡ್ರಾಯಿಂಗ್ ಶೀಟಿನಲ್ಲಿ ಮರಗಿಡ, ನೆರಳು, ನಗುವ ಮನುಷ್ಯಾಕೃತಿಗಳನ್ನು ಬಿಡಿಸಿ ಮುಚ್ಚಿಬಿಡಬಹುದಾದ ಅಜ್ಞಾನ, ಗದ್ಯದ ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಬಯಲಾಗುತ್ತದೆ. ‘ಇಲ್ಲಿ ಜನ ಸೇರುತ್ತಾರೆ’ ಎಂದು ಬರೆದ ಕೂಡಲೇ ಯಾರು, ಯಾವ ಹೊತ್ತಿನಲ್ಲಿ, ಎಲ್ಲಿ ಕೂರುತ್ತಾರೆ ಎಂಬ ಪ್ರಶ್ನೆ ಎದುರು ನಿಲ್ಲುತ್ತದೆ.

ಇಂಥದ್ದೊಂದು ಸ್ಪರ್ಧೆ ಬರ್ಕ್ಲಿಯಲ್ಲೇ ಹುಟ್ಟಿದ್ದಕ್ಕೆ ಕಾರಣಗಳಿವೆ. ಪೋಲಿಯೊದಿಂದ ಕತ್ತಿನ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದ ಎಡ್ ರಾಬರ್ಟ್ಸ್ ಎಂಬ ತರುಣ 1962ರಲ್ಲಿ ಅಲ್ಲಿ ವಿದ್ಯಾರ್ಥಿಯಾಗಿ ಸೇರಿದ. ಅವನ ಉಸಿರಾಟಕ್ಕೆ ಬೇಕಾದ ಭಾರೀ ಯಂತ್ರವನ್ನು ಇರಿಸಿಕೊಳ್ಳಬಲ್ಲ ಹಾಸ್ಟೆಲು ಇಡೀ ಕ್ಯಾಂಪಸ್ಸಿನಲ್ಲಿ ಇರಲಿಲ್ಲ. ಕೊನೆಗೆ ಅವನು ವಾಸಕ್ಕೆ ಇಳಿದದ್ದು ಕ್ಯಾಂಪಸ್ಸಿನ ಆಸ್ಪತ್ರೆಯಲ್ಲಿ. ಅವನ ಹಿಂದೆಯೇ ಗಾಲಿಕುರ್ಚಿಯಲ್ಲಿ ಓಡಾಡುವ ಇನ್ನಷ್ಟು ವಿದ್ಯಾರ್ಥಿಗಳು ಬಂದರು. 1972ರಲ್ಲಿ ಅದೇ ಊರಿನಲ್ಲಿ ಅಂಗವಿಕಲರು ತಾವೇ ನಡೆಸುವ ಸ್ವತಂತ್ರ ಜೀವನ ಕೇಂದ್ರ ತೆರೆಯಿತು. ಫುಟ್‌ಪಾತಿನ ಅಂಚು ತಗ್ಗಿಸಿ ರಸ್ತೆಗೆ ಇಳಿಜಾರು ಮಾಡಿಸಿಕೊಳ್ಳಲು ಅವರು ನಗರಸಭೆಯ ಬೆನ್ನು ಹತ್ತಿದರು. 1977ರ ಏಪ್ರಿಲ್‌ನಲ್ಲಿ ಪಕ್ಕದ ಸ್ಯಾನ್ ಫ್ರಾನ್ಸಿಸ್ಕೊದ ಫೆಡರಲ್ ಕಚೇರಿಯೊಂದರಲ್ಲಿ ನೂರಕ್ಕೂ ಹೆಚ್ಚು ಅಂಗವಿಕಲರು ಮತ್ತು ಅವರ ಜೊತೆಗಾರರು ಮೂರು ವಾರ ಮೀರಿ ಧರಣಿ ಕೂತರು. ಸರ್ಕಾರದ ಹಣ ಪಡೆಯುವ ಯಾವ ಸಂಸ್ಥೆಯೂ ಅಂಗವಿಕಲರನ್ನು ಹೊರಗಿಡಬಾರದು ಎನ್ನುವ ಕಾನೂನಿನ ನಿಯಮಗಳಿಗೆ ಸಹಿ ಬೀಳುವ ತನಕ ಅವರು ಪಟ್ಟು ಬಿಡಲಿಲ್ಲ.

ಈ ಬಳಗದ ಕಣ್ಣೆದುರು ಪಾಠ ಮಾಡುತ್ತಿದ್ದವರು ಪ್ರಾಧ್ಯಾಪಕ ರೇಮಂಡ್ ಲಿಫ್ಚೆಜ್. ಅವರು ತಮ್ಮ ಡಿಸೈನ್ ಸ್ಟುಡಿಯೊಗೆ ಅಂಗವಿಕಲರನ್ನು ಸಲಹೆಗಾರರಾಗಿ ಕರೆತಂದು ವಿದ್ಯಾರ್ಥಿಗಳ ಪಕ್ಕದಲ್ಲಿ ಕೂರಿಸಿದರು. ಮೇಜಿನ ಮೇಲಿನ ಮಾಡೆಲ್ಲನ್ನು ನೋಡಿ, ಈ ಬಾಗಿಲನ್ನು ನಾನು ದಾಟುವುದು ಹೇಗೆ ಎಂದು ಗಾಲಿಕುರ್ಚಿಯಲ್ಲಿ ಕೂತವರು ಕೇಳಿದರೆ ಹುಡುಗರಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಆ ಪ್ರಯೋಗದ ಫಲವನ್ನು ಅವರು 1987ರಲ್ಲಿ ಪುಸ್ತಕವಾಗಿ ಹೊರತಂದರು. ಬರ್ಕ್ಲಿ ಪ್ರೈಜನ್ನು ವರ್ಷಗಟ್ಟಲೆ ಮುನ್ನಡೆಸಿದವರೂ ಅವರೇ. ಹೀಗಾಗಿ ಸ್ಪರ್ಧೆಯ ಪ್ರಶ್ನೆಗಳು ಯಾರೋ ಸಮಿತಿ ಕೂತು ಹೊಸೆದ ವಿಷಯಗಳಾಗಿ ಕಾಣುವುದಿಲ್ಲ. ಅವುಗಳ ಹಿಂದೆ ಒಂದು ಊರಿನ ಜಗಳ ಇದೆ.

ಅದೇ ವಿಶ್ವವಿದ್ಯಾಲಯದ ಕ್ಲೇರ್ ಕೂಪರ್ ಮಾರ್ಕಸ್ ಅವರನ್ನು ಇಲ್ಲಿ ನೆನೆಯಲೇಬೇಕು. ಬರ್ಕ್ಲಿಗೆ ಹತ್ತಿರದ ರಿಚ್ಮಂಡ್ ಊರಿನಲ್ಲಿ ಈಸ್ಟರ್ ಹಿಲ್ ವಿಲೇಜ್ ಎಂಬ ಸರ್ಕಾರಿ ವಸತಿ ಬಡಾವಣೆ ಇತ್ತು. ಹೆಸರಾಂತ ವಾಸ್ತುಶಿಲ್ಪಿಗಳ ಕೆಲಸ, ಹೊಗಳಿಕೆಗೂ ಪಾತ್ರವಾಗಿತ್ತು. ಮಾರ್ಕಸ್ ಅವರು ವಿನ್ಯಾಸಕಾರರನ್ನೂ ಕೇಳಿದರು, ಮನೆಮನೆಗೆ ಹೋಗಿ ಬಾಡಿಗೆದಾರರನ್ನೂ ಕೇಳಿದರು. ಕಟ್ಟಿದವರು ಅಂದುಕೊಂಡದ್ದೇನು, ಬಾಳಿದವರು ಕಂಡದ್ದೇನು ಎಂಬುದನ್ನು ಅಕ್ಕಪಕ್ಕ ಇಟ್ಟು 1975ರಲ್ಲಿ ಪುಸ್ತಕ ಬರೆದರು. ಕಟ್ಟಡ ವಿಮರ್ಶೆ ಎಂದರೆ ಇದು. ಹೊರಗೆ ನಿಂತು ಫೋಟೊ ತೆಗೆದು ಬರೆದದ್ದು ಪರಿಚಯ ಲೇಖನ ಮಾತ್ರ.

ಇಷ್ಟು ಮೆಚ್ಚಿಕೊಂಡ ಮೇಲೂ ಈ ಸ್ಪರ್ಧೆಯ ಬಗ್ಗೆ ನನಗಿರುವ ತಕರಾರು ಸಣ್ಣದಲ್ಲ. ಪ್ರಬಂಧ ಇಂಗ್ಲಿಷಿನಲ್ಲೇ ಇರಬೇಕಿತ್ತು. ಹಲವು ದೇಶಗಳ ಬರಹವನ್ನು ಒಟ್ಟಿಗೆ ಓದಲು ತೀರ್ಪುಗಾರರಿಗೆ ಒಂದು ಸಮಾನ ಭಾಷೆ ಬೇಕು, ಒಪ್ಪಿದೆ. ಆದರೆ ಹುಬ್ಬಳ್ಳಿಯ ವಿದ್ಯಾರ್ಥಿನಿಯೊಬ್ಬಳು ಬಸ್ ನಿಲ್ದಾಣದ ಕಸ ಗುಡಿಸುವ ಹೆಂಗಸಿನ ಹತ್ತಿರ ಅರ್ಧ ಗಂಟೆ ಮಾತಾಡಿದಳೆನ್ನಿ. ಆ ಮಾತು ನಡೆದದ್ದು ಕನ್ನಡದಲ್ಲಿ. ಅದು ಇಂಗ್ಲಿಷಿಗೆ ಹೋಗಿ, ಬಹುಮಾನ ಗೆದ್ದು, ಅಲ್ಲೇ ಉಳಿಯುತ್ತದೆ. ನೀರಿನ ನಲ್ಲಿ ಎಲ್ಲಿರಬೇಕಿತ್ತು, ಬಟ್ಟೆ ಬದಲಿಸಲು ಜಾಗ ಯಾಕಿಲ್ಲ ಎಂದು ಆ ಹೆಂಗಸು ಹೇಳಿದ್ದನ್ನು ಮೊದಲು ಓದಬೇಕಾದವರು ಡಿಪೊ ಮ್ಯಾನೇಜರು ಮತ್ತು ಎಂಜಿನಿಯರು. ಅವರ ಕೈಗೆ ಅದು ತಲುಪುವುದಿಲ್ಲ. ಹೇಳಿದವಳಿಗಂತೂ ತನ್ನ ಮಾತು ಎಲ್ಲಿ ಹೋಯಿತೆಂಬುದೇ ಗೊತ್ತಾಗುವುದಿಲ್ಲ. ಎರಡು ಸುತ್ತುಗಳ ಸ್ಪರ್ಧೆಗೆ ಮೂರನೆಯದೊಂದು ಸುತ್ತು ಬೇಕಿತ್ತು: ಬರೆದದ್ದನ್ನು ಆ ಕಟ್ಟಡಕ್ಕೇ ಒಯ್ದು, ಅಲ್ಲಿಯವರ ಮುಂದೆ ಅವರ ಭಾಷೆಯಲ್ಲಿ ಓದುವ ಸುತ್ತು.

ಇನ್ನೊಂದು ಅಪಾಯ ವಿಷಯದ ಆಯ್ಕೆಯಲ್ಲೇ ಇದೆ. ಬಡತನದ ಬಗ್ಗೆ, ಮನೆಯಿಲ್ಲದವರ ಬಗ್ಗೆ ಇಪ್ಪತ್ತರ ವಯಸ್ಸಿನವರಿಗೆ ಬರೆಯಲು ಹೇಳಿದರೆ ಕರುಣೆಯ ಗದ್ಯ ತಾನಾಗಿಯೇ ಉಕ್ಕುತ್ತದೆ. ಒಬ್ಬ ಬಡವ ಮೊದಲ ಪ್ಯಾರಾದಲ್ಲಿ ಬರುತ್ತಾನೆ, ಒಬ್ಬ ವಾಸ್ತುಶಿಲ್ಪಿ ಕೊನೆಯ ಪ್ಯಾರಾದಲ್ಲಿ ಬಂದು ಅವನನ್ನು ಉದ್ಧಾರ ಮಾಡುತ್ತಾನೆ. ನಡುವೆ ಇರುವ ಗುತ್ತಿಗೆದಾರ, ಟೆಂಡರು, ಜಮೀನಿನ ತಕರಾರು, ನಿರ್ವಹಣೆಗೆ ಹಣ ಬಾರದ ವರ್ಷಗಳು ಇವೆಲ್ಲ ಕಾಣೆ. ಸಾರ್ವಜನಿಕ ಕಟ್ಟಡ ಕೆಡುವುದು ಬಹಳ ಸಲ ಇದೇ ನಡುವಿನ ಜಾಗದಲ್ಲಿ. ಅದನ್ನು ಬರೆಯಲು ಕರುಣೆ ಸಾಲದು, ಕಡತ ಓದುವ ತಾಳ್ಮೆ ಬೇಕು.

ರ‍್ಯಾಂಪನ್ನೇ ತೆಗೆದುಕೊಳ್ಳಿ. ನಿಯಮದ ಪ್ರಕಾರ ಅದರ ಇಳಿಜಾರು ಒಂದಕ್ಕೆ ಹನ್ನೆರಡು, ಅಂದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ತಾಲ್ಲೂಕು ಕಚೇರಿಯ ತಳಪಾಯ ಮೂರಡಿ ಎತ್ತರವಿದ್ದರೆ ರ‍್ಯಾಂಪು 36 ಅಡಿ ಇರಬೇಕು, ನಡುವೆ ನಿಂತು ಸುಧಾರಿಸಿಕೊಳ್ಳಲು ಸಮತಟ್ಟಾದ ಜಾಗ ಬೇರೆ. ನಮ್ಮಲ್ಲಿ ಎಷ್ಟೋ ಕಡೆ ಕಾಣುವುದು ಮೆಟ್ಟಿಲ ಪಕ್ಕ ಉಳಿದ ಹತ್ತು–ಹನ್ನೆರಡು ಅಡಿಯಲ್ಲಿ ಸಿಮೆಂಟು ಸುರಿದು ಮಾಡಿದ ಜಾರುಬಂಡೆ. ಗಾಲಿಕುರ್ಚಿಯನ್ನು ಮೇಲಕ್ಕೆ ತಳ್ಳಲು ಇಬ್ಬರು ಬೇಕು, ಕೆಳಗಿಳಿಯುವಾಗ ಜೀವ ಕೈಯಲ್ಲಿ ಹಿಡಿಯಬೇಕು. ಹಿಡಿಕಂಬಿ ಇರುವುದಿಲ್ಲ. ರ‍್ಯಾಂಪಿನ ಬುಡಕ್ಕೆ ಅಡ್ಡವಾಗಿ ಬೈಕುಗಳು ನಿಂತಿರುತ್ತವೆ, ತುದಿಯ ಬಾಗಿಲಿಗೆ ಬೀಗ ಇರುತ್ತದೆ. ಕಡತದಲ್ಲಿ ಮಾತ್ರ ರ‍್ಯಾಂಪು ಇದೆ. ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ನಿಯಮ ಬಂದ ಐದು ವರ್ಷದೊಳಗೆ ಸರಿಪಡಿಸಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳಿತು. ನಿಯಮಗಳು ಬಂದದ್ದು 2017ರಲ್ಲಿ. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಬರೀ ಮಾರ್ಗಸೂಚಿ ಸಾಲದು, ಕಡ್ಡಾಯ ಮಾನದಂಡಗಳನ್ನು ರೂಪಿಸಿ ಎಂದು ಕೇಂದ್ರ ಸರ್ಕಾರಕ್ಕೆ ಮತ್ತೆ ಹೇಳಬೇಕಾಯಿತು.

ಬರ್ಕ್ಲಿಯಲ್ಲಿ ಎಡ್ ರಾಬರ್ಟ್ಸ್ ಹೆಸರಿನ ಕಟ್ಟಡವೊಂದು 2010ರಲ್ಲಿ ತೆರೆಯಿತು. ಅಂಗವಿಕಲರ ಸಂಘಟನೆಗಳ ಕಚೇರಿಗಳು ಅಲ್ಲಿವೆ. ಜಾಗ ಆಶ್‌ಬಿ ರೈಲು ನಿಲ್ದಾಣದ ಮಗ್ಗುಲಲ್ಲೇ, ಬರುವವರು ರಸ್ತೆ ಅಲೆಯಬೇಕಿಲ್ಲ. ಒಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ಮೇಲಿನಿಂದ ಸುರಿಯುವ ಬೆಳಕಿನ ಕೆಳಗೆ ಸುತ್ತುತ್ತಾ ಏರುವ ದೊಡ್ಡ ಕೆಂಪು ರ‍್ಯಾಂಪು. ಅರಮನೆಗಳಲ್ಲಿ ಮಹಾಸೋಪಾನಕ್ಕೆ ಕೊಡುವ ಜಾಗವನ್ನು ಇಲ್ಲಿ ರ‍್ಯಾಂಪಿಗೆ ಕೊಟ್ಟಿದ್ದಾರೆ. ಗಾಲಿಕುರ್ಚಿಯವರೂ ನಡೆಯುವವರೂ ಒಂದೇ ದಾರಿಯಲ್ಲಿ, ಮಾತಾಡಿಕೊಂಡು ಮೇಲೆ ಹೋಗಬಹುದು. ಹಿತ್ತಲ ಬಾಗಿಲಿನ ವ್ಯವಸ್ಥೆಯಾಗಿದ್ದದ್ದು ಹೆಬ್ಬಾಗಿಲಿನ ಗೌರವ ಪಡೆದಿದೆ.

ನಮ್ಮ ವಿಧಾನಸೌಧದ ಮುಂದಿನ ಮೆಟ್ಟಿಲ ಸಾಲನ್ನು ಇದರ ಎದುರಿಟ್ಟು ಯೋಚಿಸಬೇಕು. ಕೆಂಗಲ್ ಹನುಮಂತಯ್ಯನವರ ಆಸೆಯಂತೆ ಬಿ.ಆರ್. ಮಾಣಿಕ್ಯಂ ಅವರ ಹೊಣೆಯಲ್ಲಿ ಎದ್ದ, 1956ರಲ್ಲಿ ಪೂರ್ಣಗೊಂಡ ಆ ಗ್ರಾನೈಟ್ ಕಟ್ಟಡದ ಬಗ್ಗೆ ನನಗೆ ಅಭಿಮಾನ ಇದೆ. ಹೊಸದಾಗಿ ಸ್ವತಂತ್ರವಾದ ನಾಡು, ಎದುರಿಗೇ ಇದ್ದ ಬ್ರಿಟಿಷರ ಕಾಲದ ಅಠಾರಾ ಕಚೇರಿಗೆ ಕಲ್ಲಿನಲ್ಲೇ ಉತ್ತರ ಹೇಳಬಯಸಿದ್ದು ನ್ಯಾಯವಾಗಿತ್ತು. ಆದರೆ ಆ ಮಹಾಮೆಟ್ಟಿಲುಗಳು ಸಮಾರಂಭದ ವೇದಿಕೆಯಾಗಿ ಉಳಿದವು. ಅರ್ಜಿ ಹಿಡಿದು ಬಂದವರು ಪಾಸು ತೋರಿಸಿ ಹೋಗುವುದು ಬೇರೆ ಬಾಗಿಲುಗಳಿಂದ. ವಿಧಾನಸೌಧದ ಶೈಲಿ, ಖರ್ಚು, ಅದರ ಸುತ್ತಲಿನ ರಾಜಕಾರಣ ಇವುಗಳ ಬಗ್ಗೆ ಸಾಕಷ್ಟು ಮಾತು ನಡೆದಿದೆ. ಕಾಯುವವರ ಬೆಂಚು, ಕಾರಿಡಾರಿನ ಕತ್ತಲು, ಶೌಚಾಲಯದ ದಾರಿ ಇವುಗಳಿಂದ ಶುರುವಾಗುವ ಬರಹವೂ ಅಷ್ಟೇ ಗಂಭೀರವಾಗಿ ಆಗಬೇಕು.

ಬೇಲೂರು, ಹಳೇಬೀಡು, ಹಂಪಿಗಳ ಬಗ್ಗೆ ಕನ್ನಡದಲ್ಲಿ ಕಪಾಟುಗಟ್ಟಲೆ ಪುಸ್ತಕಗಳಿವೆ. ಒಂದು ಮದನಿಕೆಯ ಬಾಗಿದ ಭಂಗಿಯನ್ನು ಪುಟಗಟ್ಟಲೆ ಬಣ್ಣಿಸುವ ಶಕ್ತಿ ಇರುವ ಭಾಷೆ ಇದು. ಅದೇ ಭಾಷೆಯ ದಿನಪತ್ರಿಕೆಯಲ್ಲಿ ಹೊಸ ಜಿಲ್ಲಾಸ್ಪತ್ರೆಯ ಸುದ್ದಿ ಎಂದರೆ ಎಷ್ಟು ಕೋಟಿ, ಯಾರಿಂದ ಉದ್ಘಾಟನೆ, ಅಷ್ಟೇ. ಆರು ತಿಂಗಳ ನಂತರ ಅಲ್ಲಿಗೆ ಮತ್ತೆ ಹೋಗಿ, ಚೀಟಿ ಮಾಡಿಸುವ ಕೌಂಟರಿನ ಎತ್ತರ ಎಷ್ಟಿದೆ, ಸರದಿ ಸಾಲು ಬಿಸಿಲಿಗೆ ಎಲ್ಲಿಂದ ಚಾಚುತ್ತದೆ, ಹೆರಿಗೆ ವಾರ್ಡಿನ ಹೊರಗೆ ಅಜ್ಜಿಯರು ಯಾವ ಗೋಡೆಗೆ ಒರಗುತ್ತಾರೆ ಎಂದು ಬರೆಯುವವರು ಎಷ್ಟು ಮಂದಿ? ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಕಡಿಮೆ ಖರ್ಚಿನ ಮನೆಗಳ ಬಗ್ಗೆ ತಮ್ಮದೇ ಚಿತ್ರಗಳೊಂದಿಗೆ ಪುಟ್ಟ ಪುಸ್ತಿಕೆಗಳನ್ನು ಮಾಡಿದರು. ಅವರು ಮನಸ್ಸಿನಲ್ಲಿಟ್ಟುಕೊಂಡ ಓದುಗ ಮನೆ ಕಟ್ಟಿಸುವ ಸಾಮಾನ್ಯ ಮನುಷ್ಯ. ಬರ್ಕ್ಲಿ ಪ್ರೈಜಿನ ಪ್ರಬಂಧಗಳಿಗೆ ಕೊರತೆಯಾಗಿದ್ದದ್ದು ಇಂಥ ಓದುಗನೇ.

ಆ ಸ್ಪರ್ಧೆ ನಮಗೆ ಕೊಟ್ಟಿರುವ ಕ್ರಮ ಒಳ್ಳೆಯದು, ಅದನ್ನು ಎರವಲು ತರಲು ಯಾರ ಅಪ್ಪಣೆಯೂ ಬೇಕಿಲ್ಲ. ಕರ್ನಾಟಕದ ವಾಸ್ತುಶಿಲ್ಪ ಕಾಲೇಜುಗಳ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ಒಂದು ಸೆಮಿಸ್ಟರಿನಲ್ಲಿ ಎರಡು ಶೀಟು ಕಡಿಮೆ ಮಾಡಿ. ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ತನ್ನ ತಾಲ್ಲೂಕಿನ ಒಂದು ಆಸ್ಪತ್ರೆಗೋ ಬಸ್ ನಿಲ್ದಾಣಕ್ಕೋ ಗ್ರಂಥಾಲಯಕ್ಕೋ ಕಳಿಸಿ, ಬೇರೆ ಬೇರೆ ಹೊತ್ತಿನಲ್ಲಿ ಅಲ್ಲಿ ಕೂತು ನೋಡಲು ಹೇಳಿ, 2,500 ಪದಗಳ ಪ್ರಬಂಧವನ್ನು ಕನ್ನಡದಲ್ಲಿ ಬರೆಸಿ. ಜ್ಯೂರಿಗೆ ಆ ಕಟ್ಟಡದ ಕಾವಲುಗಾರನನ್ನೂ ಒಬ್ಬ ನರ್ಸನ್ನೂ ಗಾಲಿಕುರ್ಚಿಯಲ್ಲಿ ಬರುವ ಒಬ್ಬರನ್ನೂ ಕರೆಯಿರಿ. ಬರಹದ ಒಂದು ಪ್ರತಿ ಲೋಕೋಪಯೋಗಿ ಇಲಾಖೆಯ ಎಂಜಿನಿಯರಿಗೆ ಹೋಗಲಿ, ಇನ್ನೊಂದು ಊರಿನ ಪತ್ರಿಕೆಗೆ.