ನೂರು ತೆಪ್ಪ ಸಿದ್ಧ, ಉಳಿದವು ಕೆಲವೇ ದಿನದಲ್ಲಿ

1520ರ ರಾಯಚೂರು ಕಾಳಗದ ಬಗ್ಗೆ ಇತಿಹಾಸಕಾರ ಫೆರಿಸ್ತಾ ಬರೆದ ಒಂದು ಪ್ರಸಂಗ ನನಗೆ ಯುದ್ಧಕ್ಕಿಂತ ದೋಣಿಯ ಕತೆಯಾಗಿಯೇ ನೆನಪಿದೆ. ಕೃಷ್ಣೆಯ ಆಚೆ ದಂಡೆಯಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹ. ಮದ್ಯದ ಅಮಲಿನಲ್ಲಿದ್ದವನು ತೆಪ್ಪ ಎಷ್ಟು ತಯಾರಾಗಿವೆ ಎಂದು ಕೇಳುತ್ತಾನೆ. ಚರ್ಮ ಹೊದಿಸಿದ ನೂರು ಸಿದ್ಧ ಇವೆ, ಉಳಿದವು ಕೆಲವು ದಿನದಲ್ಲಿ ಮುಗಿಯುತ್ತವೆ ಎಂದು ಉತ್ತರ ಬರುತ್ತದೆ. ಅವನು ಕಾಯುವುದಿಲ್ಲ. ಆನೆ ಏರಿ ಹೊಳೆಗೆ ಇಳಿಯುತ್ತಾನೆ. ಈಚೆ ದಂಡೆಯಲ್ಲಿ ವಿಜಯನಗರದ ಸೇನೆಗೆ ಸೋತು ಹಿಂದಿರುಗುವಾಗ ಅವನ ಕಡೆಯ ಬಹಳ ಜನ ನೀರುಪಾಲಾಗುತ್ತಾರೆ.

ಐನೂರು ವರ್ಷವಾಯಿತು. ದೋಣಿಯ ವಿಷಯದಲ್ಲಿ ನಾವು ಇನ್ನೂ ಆ ಸುಲ್ತಾನನ ಶಿಷ್ಯರೇ.

ಬೇಸಿಗೆಯಲ್ಲಿ ಹಳೆಯ ಮೋಟಾರು ಬೋಟನ್ನು ತೊಳೆದು, ಬಣ್ಣ ಬಳಿದು ವಿಹಾರಕ್ಕೆ ಹೊರಡುವ ನಾಡುಗಳಿವೆ. ನಮ್ಮಲ್ಲಿ ಅದು ತಮಾಷೆಯ ಮಾತು. ಏಪ್ರಿಲ್‌ನಲ್ಲಿ ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ಹತ್ತಿರ ತುಂಗಭದ್ರೆಯಲ್ಲಿ ನೀರಿಗಿಂತ ಉಸುಕೇ ಹೆಚ್ಚು. ದೇವದುರ್ಗದ ಕೊಪ್ಪರದ ಕಡೆ ಕೃಷ್ಣೆಯಲ್ಲಿ ಬಂಡೆಗಳು ಬೆನ್ನು ತೋರಿಸುತ್ತವೆ. ಅಲ್ಲಿ ಪ್ರೊಪೆಲ್ಲರ್ ಇಳಿಸಿದರೆ ಮೊದಲ ಫರ್ಲಾಂಗಿನಲ್ಲೇ ಅದರ ರೆಕ್ಕೆ ಮುರಿದೀತು. ಬೋಟು ನಮಗೆ ಬೇಕಾಗುವುದು ಮಳೆಗಾಲದಲ್ಲಿ, ನಾರಾಯಣಪುರದ ಬಸವಸಾಗರ ಜಲಾಶಯದ ಗೇಟು ಎತ್ತಿ ಹೂವಿನಹೆಡಗಿ ಸೇತುವೆಯ ಮೇಲೆ ನೀರು ಹರಿಯುವಾಗ. ಅದನ್ನು ತಯಾರು ಮಾಡಬೇಕಾದ್ದು ಮಾತ್ರ ಈಗ, ನೆಲ ಕಾಯುತ್ತಿರುವಾಗ.

ಈ ಮಾತು ತೆಪ್ಪದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ರಾಯಚೂರು ತಾಲ್ಲೂಕಿನ ಕುರ್ವಕಲಾ, ಕುರ್ವಕುರ್ದಾ ನಡುಗಡ್ಡೆಗಳ ಜನರಿಗೆ ತೆಪ್ಪವೆಂದರೆ ಮನೆಯ ಹೊಸ್ತಿಲು. (ಕುರುವ ಎಂದರೆ ಹಳೆಗನ್ನಡದಲ್ಲಿ ನಡುಗಡ್ಡೆಯೇ. ಕಲಾ, ಕುರ್ದಾ ಎಂಬ ದೊಡ್ಡ-ಚಿಕ್ಕ ಭೇದವನ್ನು ಕಂದಾಯದ ಪಾರಸಿ ಅಂಟಿಸಿತು.) ರಾಯಚೂರು ಕಾಳಗದ ಕಾಲದಲ್ಲೇ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಬುಟ್ಟಿಯಂಥ ದುಂಡನೆಯ ದೋಣಿ ಕಂಡಿದ್ದ. ಹದಿನೈದಿಪ್ಪತ್ತು ಜನ ಹಿಡಿಸುತ್ತದೆ, ಸಾಗುತ್ತಲೇ ಗಿರಗಿರ ತಿರುಗುತ್ತದೆ ಎಂದು ಬರೆದಿಟ್ಟ. ಆ ಬುಟ್ಟಿಯ ಚರ್ಮ ಹೋಗಿ ಪ್ಲಾಸ್ಟಿಕ್ ಚೀಲ, ತಾಡಪಾಲು ಬಂದಿವೆ. ಬಿದಿರು, ಹುಟ್ಟು ಉಳಿದಿವೆ. ಬಿಸಿಲಿಗೆ ಬೋರಲು ಹಾಕಿ, ಸೀಳಿದ ದಬ್ಬೆ ಬದಲಿಸಿ, ಹೊಸ ಡಾಂಬರು ಬಳಿಯುವ ಈ ಪದ್ಧತಿಯ ಹೆಚ್ಚುಗಾರಿಕೆ ಒಂದೇ: ರಿಪೇರಿ ಮಾಡುವವನೇ ಅದರಲ್ಲಿ ಕೂರುತ್ತಾನೆ. ಇದಕ್ಕಿಂತ ಕಟ್ಟುನಿಟ್ಟಾದ ತಪಾಸಣೆ ಯಾವ ಕಚೇರಿಯಲ್ಲೂ ಇಲ್ಲ.

ಹಾಗೆಂದು ತೆಪ್ಪವನ್ನು ಹಾಡಿ ಹೊಗಳುವ ನಗರದ ಚಾಳಿ ನನಗೆ ಹಿಡಿಸದು. ಡಾಂಬರು ತೂತು ಮುಚ್ಚುವಂತೆಯೇ ಕೊಳೆತ ಬಿದಿರನ್ನೂ ಮುಚ್ಚಿಡುತ್ತದೆ. ಎಷ್ಟು ಜನ ಹತ್ತಬೇಕೆಂಬುದಕ್ಕೆ ಅದರ ಅಂಚಿನ ಮೇಲೆ ಗೆರೆಯಿಲ್ಲ. ಲೈಫ್ ಜಾಕೆಟ್ಟಿನ ಮಾತಂತೂ ಅಪಘಾತವಾದ ಮರುದಿನದ್ದು. ಸೆಳವು ಏರಿದಾಗ ಹುಟ್ಟಿನ ಬಲ ಸಾಲದು. ಅಲ್ಲಿ ಎಂಜಿನ್ನೇ ಬೇಕು.

ಎಂಜಿನ್ ತಂದರೆ ಸಾಕೇ? ವರ್ಷದಲ್ಲಿ ಹತ್ತು ತಿಂಗಳು ಸರ್ಕಾರಿ ಶೆಡ್ಡಿನಲ್ಲಿ ನಿಂತ ಬೋಟು ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ, ಅದೇ ಅದರ ಮೋಸ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ಕಾರ್ಬ್ಯುರೇಟರಿನೊಳಗೆ ಅಂಟಾಗಿರುತ್ತದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಎಂಜಿನ್ನಿಗೆ ತಣ್ಣೀರು ಎತ್ತಿ ಕೊಡುವ ಪಂಪಿನಲ್ಲಿ ಅಂಗೈ ಅಗಲದ್ದೂ ಅಲ್ಲದ ಒಂದು ರಬ್ಬರ್ ಚಕ್ರ ಇರುತ್ತದೆ. ಅದು ಒಣಗಿ ಬಿರುಕು ಬಿಟ್ಟಿದ್ದರೆ ಬೋಟು ನಡುಹೊಳೆಯವರೆಗೆ ಚೆನ್ನಾಗಿಯೇ ಹೋಗಿ, ಅಲ್ಲಿ ಕಾದು ನಿಲ್ಲುತ್ತದೆ. ಇದನ್ನು ಕಂಡುಹಿಡಿಯಲು ಹೊಳೆಯೂ ಬೇಡ, ಪರಿಣತನೂ ಬೇಡ. ಎಂಜಿನ್ನಿನ ಬುಡ ಮುಳುಗುವಷ್ಟು ನೀರು ತುಂಬಿದ ಡ್ರಮ್ಮಿನಲ್ಲಿ ಚಾಲೂ ಮಾಡಿ, ಪಕ್ಕದ ತೂತಿನಿಂದ ನೀರಿನ ಧಾರೆ ಚಿಮ್ಮುತ್ತದೆಯೇ ನೋಡಿದರೆ ಸಾಕು. ರಬ್ಬರ್ ಬೋಟಾದರೆ ಗಾಳಿ ತುಂಬಿ ಸೋಪಿನ ನೀರು ಸವರಿ. ಗುಳ್ಳೆ ಎದ್ದಲ್ಲಿ ತೂತು, ಸೈಕಲ್ ಅಂಗಡಿಯ ಹುಡುಗನಿಗೂ ಗೊತ್ತು. ನೆರೆ ನೀರಿನಡಿ ಮುಳುಗಿದ ಜಾಲಿ ಮುಳ್ಳಿಗೆ ಸಿಕ್ಕ ಮೇಲೆ ಹುಡುಕುವುದಲ್ಲ.

ಇದೆಲ್ಲ ಅರ್ಧ ದಿನದ ಕೆಲಸ. ಆಗದಿರುವುದು ದುಡ್ಡಿಲ್ಲದೆ ಅಲ್ಲ. ತೆಪ್ಪಕ್ಕೆ ಒಡೆಯನಿದ್ದಾನೆ, ಸರ್ಕಾರಿ ಬೋಟಿಗೆ ರಿಜಿಸ್ಟರ್ ಇದೆ. ರಿಜಿಸ್ಟರಿನಲ್ಲಿ ‘ಬೋಟು 1’ ಎಂದಿದ್ದರೆ ಬೋಟು ಇದೆ ಎಂದರ್ಥ. ಅದು ಓಡುತ್ತದೆಯೇ ಎಂಬ ಕಾಲಮ್ಮು ಇಲ್ಲ. ಆದ್ದರಿಂದ ನನ್ನ ತೀರ್ಪು ಹಳೆಯ ಬೋಟಿನ ವಿರುದ್ಧವಲ್ಲ. ಹತ್ತು ವರ್ಷದ ಬೋಟು, ನೋಡಿಕೊಳ್ಳುವ ಒಬ್ಬ ಅಂಬಿಗನಿದ್ದರೆ, ಬೀಗ ಹಾಕಿಟ್ಟ ಹೊಸದಕ್ಕಿಂತ ಮೇಲು. ಆ ಕೆಲಸಕ್ಕೆ ಸರ್ಕಾರ ಹೊಳೆದಂಡೆಯ ತೆಪ್ಪದವರನ್ನೇ ಸಂಬಳ ಕೊಟ್ಟು ಇಟ್ಟುಕೊಳ್ಳಲಿ. ಯಾವ ಬಂಡೆ ಎಲ್ಲಿದೆ, ಮಡು ಎಲ್ಲಿದೆ ಎಂಬುದು ಅವರಿಗೆ ಬೇಸಿಗೆಯಲ್ಲೇ ಕಣ್ಣಿಗೆ ಕಂಡಿರುತ್ತದೆ.

ಓದುವವರು ಹೊಳೆದಂಡೆಯವರಾಗಿದ್ದರೆ ಒಂದು ವಿನಂತಿ. ಈ ಮೇ ತಿಂಗಳು ಮುಗಿಯುವುದರೊಳಗೆ ನಿಮ್ಮ ಪಂಚಾಯಿತಿಯವರನ್ನು ಕರೆದುಕೊಂಡು ಹೋಗಿ, ಬೋಟಿನ ಶೆಡ್ಡಿನ ಬೀಗ ತೆಗೆಸಿ. ಡ್ರಮ್ಮಿಗೆ ನೀರು ತುಂಬಿಸಿ, ಚಾಲೂ ಮಾಡಿ ತೋರಿಸಿರಿ ಎಂದು ಕೇಳಿ.