ಹಗುರ ರಂಜನೆಗೆ ವಿಮರ್ಶೆ ಬೇಕೇ?

ನಮ್ಮ ಸಂಘ ಸಂಸ್ಥೆಗಳ ವಾರ್ಷಿಕೋತ್ಸವದ ವರದಿಗಳಲ್ಲಿ ಒಂದು ವಾಕ್ಯ ಕಾಯಂ ಆಗಿ ಮನೆಮಾಡಿಕೊಂಡಿದೆ: ‘ಕೊನೆಯಲ್ಲಿ ಪ್ರದರ್ಶಿಸಲ್ಪಟ್ಟ ಹಾಸ್ಯ ನಾಟಕವು ಪ್ರೇಕ್ಷಕರನ್ನು ನಗೆಗಡಲಲ್ಲಿ ತೇಲಿಸಿತು.’ ಅಧ್ಯಕ್ಷರ ಭಾಷಣಕ್ಕೆ ಎರಡು ಕಾಲಂ, ದಾನಿಗಳ ಹೆಸರುಗಳಿಗೆ ಒಂದು ಕಾಲಂ, ಬಹುಮಾನ ಪಡೆದ ಮಕ್ಕಳಿಗೆ ಅರ್ಧ ಕಾಲಂ, ನಾಟಕಕ್ಕೆ ಈ ಒಂದೇ ವಾಕ್ಯ. ನಾಟಕ ಯಾವುದನ್ನು ಕುರಿತದ್ದು, ನಗೆ ಎಲ್ಲಿ ಹುಟ್ಟಿತು, ಯಾರ ಮೇಲೆ ಬಿತ್ತು ಎಂಬುದನ್ನು ಬರೆಯುವವರು ಹೇಳುವುದಿಲ್ಲ, ಓದುವವರು ಕೇಳುವುದೂ ಇಲ್ಲ. ಸಭಾಗೃಹ ತುಂಬುವುದು ಮಾತ್ರ ಭಾಷಣಕ್ಕಾಗಿ ಅಲ್ಲ, ಆ ನಾಟಕಕ್ಕಾಗಿ ಎಂಬುದು ಅಧ್ಯಕ್ಷರೂ ಬಲ್ಲ ಸಂಗತಿ.

ಈ ಮೌನಕ್ಕೆ ಎರಡು ದಿಕ್ಕಿನಿಂದ ಸಮರ್ಥನೆ ಬರುತ್ತದೆ. ಒಂದು, ಗಂಭೀರ ಜನರದು. ಊರಿನಲ್ಲಿ ನೆರೆ ಬಂದು ಗದ್ದೆ ಮುಳುಗುತ್ತದೆ. ಇಲ್ಲಿ ಧಾರಾವಿಯ ಮಗ್ಗುಲಲ್ಲೇ ನಮ್ಮ ವಾಸ. ಜಗತ್ತಿನಲ್ಲಿ ಯುದ್ಧಗಳಿಗೆ ಬಿಡುವಿಲ್ಲ. ಇಂಥ ಕಾಲದಲ್ಲಿ ಹಣ ಸುರಿದು ಹಲ್ಲು ಕಿರಿಯುವ ನಾಟಕವೇ? ಅದರ ಮೇಲೆ ವಿಮರ್ಶೆ ಬೇರೆಯೇ? ಎನ್ನುತ್ತಾರೆ ಅವರು. ಇನ್ನೊಂದು, ಸರಸಿಗಳದು. ಬೆಳಗಿನ ಲೋಕಲ್ ಹಿಡಿದು ಹೋದವನು ರಾತ್ರಿ ಒಂಬತ್ತಕ್ಕೆ ಮನೆ ಸೇರುತ್ತಾನೆ; ಅವನು ತಿಂಗಳಿಗೊಮ್ಮೆ ಮನಸಾರೆ ನಕ್ಕರೆ ನಿಮ್ಮ ಗಂಟೇನು ಹೋಯಿತು, ನಗೆಯನ್ನೂ ತಕ್ಕಡಿಯಲ್ಲಿ ತೂಗಬೇಕೇ ಎಂದು ಇವರ ಪ್ರಶ್ನೆ. ಮೇಲ್ನೋಟಕ್ಕೆ ಇಬ್ಬರದೂ ಹಾವು ಮುಂಗುಸಿಯ ಸಂಬಂಧ. ಆದರೆ ಒಂದು ವಿಷಯದಲ್ಲಿ ಇಬ್ಬರದೂ ಏಕಮತ: ಹಗುರ ರಂಜನೆ ವಿಚಾರಕ್ಕೆ ಯೋಗ್ಯವಾದದ್ದಲ್ಲ. ಒಬ್ಬರು ತಿರಸ್ಕಾರದಿಂದ, ಇನ್ನೊಬ್ಬರು ಮುದ್ದಿನಿಂದ ಅದನ್ನು ಅದರ ಪಾಡಿಗೆ ಬಿಟ್ಟುಬಿಡುತ್ತಾರೆ. ನಾವು ಒಪ್ಪದಿರುವುದು ಇದನ್ನೇ. ಲೋಕ ಏರುಪೇರಾಗಿರುವುದರಿಂದಲೇ ಹಗುರ ರಂಜನೆಯ ಮೇಲೆ ಹೆಚ್ಚು ಕಣ್ಣಿಡಬೇಕಾಗಿದೆ. ಯಾರು ಮೇಲು, ಯಾರು ಕೀಳು ಎಂದು ಭಾಷಣದಲ್ಲಿ ನಾವು ಬಾಯಿಬಿಟ್ಟು ಹೇಳುವುದಿಲ್ಲ; ನಗುವಾಗ ಮಾತ್ರ ಅದು ತಾನಾಗಿಯೇ ಹೊರಬೀಳುತ್ತದೆ.

ಈ ಮಾತಿಗೆ ಆಧಾರವನ್ನು ನಾವು ದೂರ ಹುಡುಕಬೇಕಾಗಿಲ್ಲ, ಮುಂಬಯಿಯ ಚರಿತ್ರೆಯಲ್ಲೇ ಇದೆ. ಲಾಲ್‌ಬಾಗ್, ಪರೇಲ್, ವರಳಿಗಳನ್ನೊಳಗೊಂಡ ಗಿರಣಗಾಂವದಲ್ಲಿ ಮಿಲ್ಲಿನ ಭೋಂಗಾ ಕೂಗುತ್ತಿದ್ದ ಕಾಲದಲ್ಲಿ ಕಾರ್ಮಿಕನ ರಂಜನೆಯೆಂದರೆ ತಮಾಶೆ. ಲಾಲ್‌ಬಾಗ್‌ನ ಹನುಮಾನ್ ಥಿಯೇಟರಿನಂಥ ಕಡೆ ಅದು ನಡೆಯುತ್ತಿತ್ತು. ಮರ್ಯಾದಸ್ಥರು ಆ ಕಡೆ ತಲೆ ಹಾಕುತ್ತಿರಲಿಲ್ಲ. ಅದು ಪೋಲಿ, ಹಗುರ, ಕೀಳು ಅಭಿರುಚಿ. ಸಾಂಗ್ಲಿ ಜಿಲ್ಲೆಯ ವಾಟೇಗಾಂವದ ದಲಿತ ಕುಟುಂಬದಿಂದ ಬಂದು ಮಿಲ್ಲಿನಲ್ಲಿ ದುಡಿದ ಅಣ್ಣಾಭಾವು ಸಾಠೆ ಅದೇ ತಮಾಶೆಯನ್ನು ಕೈಗೆತ್ತಿಕೊಂಡರು. 1944ರಲ್ಲಿ ಶಾಹೀರ ಅಮರ ಶೇಖ್, ಗವಾಣಕರ್ ಅವರೊಂದಿಗೆ ಲಾಲ್ ಬಾವಟಾ ಕಲಾಪಥಕ ಕಟ್ಟಿದರು. ಆರಂಭದ ಗಣೇಶ ವಂದನೆಯ ಜಾಗಕ್ಕೆ ನಾಡಿನ ವಂದನೆ ಬಂತು. ಸೋಂಗಾಡ್ಯಾನ ಬಾಯಲ್ಲಿ ಬಾಡಿಗೆ, ರೇಷನ್, ಸಾಹುಕಾರರ ಮಾತು ಬಂತು. ಗೇಲಿ ಗೇಲಿಯಾಗಿಯೇ ಉಳಿಯಿತು, ಅದು ಬೀಳುವ ದಿಕ್ಕು ಮಾತ್ರ ಬದಲಾಯಿತು. 1943ರ ಬಂಗಾಲದ ಕ್ಷಾಮದ ವೇಳೆಗೆ ಇದೇ ನಗರದಲ್ಲಿ ಹುಟ್ಟಿದ ಇಪ್ಟಾದ ಕಲಾವಿದರು ಹಾಡು ಕುಣಿತಗಳಿಂದಲೇ ಹಸಿದವರಿಗಾಗಿ ಹಣ ಕೂಡಿಸಿದರು. ಜನ ಸಾಯುತ್ತಿರುವಾಗ ಕುಣಿಯುವುದೇ ಎಂದು ಅವರು ಕೈಕಟ್ಟಿ ಕುಳಿತಿದ್ದರೆ ಕ್ಷಾಮವೇನೂ ಕಡಿಮೆಯಾಗುತ್ತಿರಲಿಲ್ಲ. 1982ರ ಜನವರಿ 18ರಂದು ಎರಡೂವರೆ ಲಕ್ಷದಷ್ಟು ಮಿಲ್ ಕಾರ್ಮಿಕರ ಮುಷ್ಕರ ಆರಂಭವಾಯಿತು. ಮುಂದೆ ಮಿಲ್ಲುಗಳು ಒಂದೊಂದಾಗಿ ಮುಚ್ಚುತ್ತ ಬಂದವು. ಕಾರ್ಮಿಕ ಹೋದ ಮೇಲೆ ತಮಾಶೆಗೂ ಅಲ್ಲಿ ಗಿರಾಕಿ ಉಳಿಯಲಿಲ್ಲ.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತು, ಅಂಗಡಿ ಮುಚ್ಚಿದ ಮೇಲೆ ಬೆಂಚಿನ ಮೇಲೆಯೇ ಮಲಗಿದ ಕತೆ ನಮ್ಮಲ್ಲಿ ಅನೇಕರ ತಂದೆ, ಮಾವಂದಿರ ಕತೆ. ಅವರಿಗೆ ಊರನ್ನು ಹೊತ್ತು ತಂದದ್ದು ಯಕ್ಷಗಾನ. ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ವಾರಕ್ಕೆ, ಊರಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಗಾಲದಲ್ಲಿ ಕೈ ಬರಿದಾದ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೆ ಬರುತ್ತಾರೆ. ಮಾಟುಂಗಾದಿಂದ ಹಿಡಿದು ಡೊಂಬಿವಲಿಯವರೆಗೆ ಸಭಾಗೃಹಗಳಲ್ಲಿ ಚೆಂಡೆ ಕೇಳಿಸುತ್ತದೆ. ಆದರೆ ಊರಿನಲ್ಲಿ ಬೆಳಗಿನವರೆಗೆ ನಡೆಯುವ ಆಟ ಇಲ್ಲಿ ಮೂರು ನಾಲ್ಕು ಗಂಟೆಗೆ ಮುಗಿಯಬೇಕು. ಸಭಾಗೃಹದವರು ದೀಪ ಆರಿಸುತ್ತಾರೆ, ವಿರಾರಿಗೂ ಕಲ್ಯಾಣಕ್ಕೂ ಹೋಗುವವರು ಗಡಿಯಾರ ನೋಡುತ್ತಾರೆ. ಹೀಗೆ ಕತ್ತರಿ ಆಡಿಸುವಾಗ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ? ಚಪ್ಪಾಳೆ ಬೀಳುವ ಹಾಸ್ಯ ಬೆಳೆಯುತ್ತದೆ, ಶಾಂತವಾದ ಪದ್ಯ ಹೋಗುತ್ತದೆ. ಆಗ ಗಂಭೀರ ಜನರು ‘ಹಾಸ್ಯಗಾರ ಆಟ ಕೆಡಿಸಿದ’ ಎಂದು ತೀರ್ಪು ಕೊಟ್ಟು ಏಳುತ್ತಾರೆ.

ತೀರ್ಪು ಅಷ್ಟು ಸುಲಭವಲ್ಲ. ನಳ ದಮಯಂತಿ ಪ್ರಸಂಗದ ಬಾಹುಕನನ್ನು ನೋಡಿ. ರಾಜ್ಯ ಕಳೆದುಕೊಂಡು, ಹೆಂಡತಿಯನ್ನು ಕಾಡಿನಲ್ಲಿ ಬಿಟ್ಟು, ಕಾರ್ಕೋಟಕನ ಕಡಿತದಿಂದ ರೂಪಗೆಟ್ಟ ನಳ ಹೆಸರು ಬದಲಿಸಿಕೊಂಡು ಪರದೇಶದಲ್ಲಿ ಋತುಪರ್ಣನ ಸಾರಥಿಯಾಗಿ, ಅಡುಗೆ ಬಲ್ಲ ಆಳಾಗಿ ನಿಲ್ಲುತ್ತಾನೆ. ಈ ವೇಷ ಬರುವುದು ಹಾಸ್ಯಗಾರನ ಪಾಲಿಗೆ. ಡೊಂಕು ನಡೆ, ವಿಕಾರ ಮೋರೆ ಕಂಡು ಸಭೆ ನಗುತ್ತದೆ. ಒಳ್ಳೆಯ ಹಾಸ್ಯಗಾರನು ಮೊದಲು ಆ ನಗೆಯನ್ನು ಪೂರ್ತಿ ತೆಗೆದುಕೊಳ್ಳುತ್ತಾನೆ. ಆಮೇಲೆ ದಮಯಂತಿಯ ಸಖಿ ಬಂದು ಒಂದೊಂದೇ ಪ್ರಶ್ನೆ ಕೇಳುವಾಗ, ಮಕ್ಕಳನ್ನು ಕಣ್ಣೆದುರು ತಂದು ನಿಲ್ಲಿಸುವಾಗ, ಅದೇ ಡೊಂಕು ದೇಹದೊಳಗಿಂದ ಅವನ ಸ್ವರ ತಗ್ಗುತ್ತದೆ. ಈಗಷ್ಟೇ ನಕ್ಕವರಿಗೆ ತಾವು ಯಾರನ್ನು ನೋಡಿ ನಕ್ಕೆವೆಂದು ತಿಳಿಯುತ್ತದೆ. ಅವನನ್ನು ಗುರುತಿಸಲು ದಮಯಂತಿಗೆ ನೆರವಾಗುವುದು ಅವನ ಕೈಯಡುಗೆಯ ರುಚಿ.

ಪರವೂರಿನಲ್ಲಿ ಮತ್ತೊಬ್ಬರ ಒಲೆಯ ಮುಂದೆ ನಿಂತು, ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು, ತನ್ನ ನಿಜವಾದ ಹೆಸರನ್ನು ಯಾರೂ ಕರೆಯದೆ ‘ಏ ಅಣ್ಣಾ’ ಎಂದಷ್ಟೇ ಕರೆಯಿಸಿಕೊಂಡು ಬದುಕಿದ ಅಡುಗೆಯವನಿಗೆ ಈ ವೇಷ ಏನು ಹೇಳಿರಬಹುದು? ಮುಂಬಯಿಯ ಬದುಕಿಗೆ ಇದಕ್ಕಿಂತ ಹತ್ತಿರದ ಪಾತ್ರ ನಮ್ಮ ಪುರಾಣದಲ್ಲಿ ಇನ್ನೊಂದಿಲ್ಲ. ಆದುದರಿಂದ ಬಾಹುಕ ಬಹಳ ನಗಿಸಿದ ಎಂಬುದು ಆಕ್ಷೇಪವಲ್ಲ. ನಗಿಸುವ ಭಾಗಕ್ಕೆ ಮುಕ್ಕಾಲು ಗಂಟೆ ಕೊಟ್ಟು, ಸಖಿಯ ಪ್ರಶ್ನೆಗಳನ್ನೂ ಮಕ್ಕಳ ಭೇಟಿಯನ್ನೂ ಐದು ನಿಮಿಷಕ್ಕೆ ಮುಗಿಸಿದರೆ ಅದು ಆಕ್ಷೇಪ. ಹಾಗೆ ಮಾಡಿದಾಗ ನಳನ ಕತೆ ಮುಗಿಯುವುದೇ ಇಲ್ಲ, ಕುರೂಪಿಯೊಬ್ಬನ ಗೇಲಿ ಮಾತ್ರ ಉಳಿಯುತ್ತದೆ. ಈ ವ್ಯತ್ಯಾಸವನ್ನು ಹೇಳುವವರು ಬೇಕು. ಅದನ್ನು ‘ನಗೆಗಡಲು’ ಹೇಳುವುದಿಲ್ಲ. ಅರ್ಧಕ್ಕೆ ಎದ್ದುಹೋದ ಗಂಭೀರ ಜನರಿಗೂ ಅದು ಗೊತ್ತಾಗುವುದಿಲ್ಲ.

ನಾಟಕಗಳಿಗೂ ಇದೇ ಅಳತೆ. ಟಿ. ಪಿ. ಕೈಲಾಸಂ ಬದುಕಿದ್ದಾಗ ಅವರ ನಾಟಕಗಳನ್ನು ಬರಿಯ ತಮಾಷೆಯೆಂದವರು ಕಡಿಮೆಯಿರಲಿಲ್ಲ. ಇಂಗ್ಲಿಷ್ ಬೆರೆತ ಆ ಕನ್ನಡವನ್ನು ಭಾಷೆಗೆ ಮಾಡಿದ ಅಪಚಾರವೆಂದವರೂ ಇದ್ದರು. ಆದರೆ ‘ಟೊಳ್ಳುಗಟ್ಟಿ’ಯಲ್ಲಿ ಅವರ ನಗೆ ಎತ್ತ ಹೋಗುತ್ತದೆಂದು ಗಮನಿಸಬೇಕು. ಪರೀಕ್ಷೆ ಪಾಸು ಮಾಡುವ ಮಗನೇ ಗಟ್ಟಿ, ಓದು ಹತ್ತದವನು ಟೊಳ್ಳು ಎಂದು ನಂಬಿದ ಮನೆಯ ಮೇಲೆ ಅದು ಹೋಗುತ್ತದೆ. ಎದುರು ಕುಳಿತು ನಗುತ್ತಿದ್ದವರೂ ಅಂಥ ಮನೆಗಳವರೇ. ಕೈಲಾಸಂ ತಮ್ಮ ವರ್ಗವನ್ನೇ ಗೇಲಿ ಮಾಡಿದರು. ಆ ನಗೆಗೆ ನಗುವವನೂ ಸ್ವಲ್ಪ ಬೆಲೆ ತೆರಬೇಕಿತ್ತು.

ನಮ್ಮ ಇಂದಿನ ಹಾಸ್ಯ ನಾಟಕಗಳಲ್ಲಿ ಹಲವು ಪುಕ್ಕಟೆ ನಗೆ ಕೊಡುತ್ತವೆ. ಮನೆಗೆಲಸದವಳು, ತೊದಲುವ ಆಳು, ದಪ್ಪ ಹೆಂಗಸು, ಕಪ್ಪು ಬಣ್ಣದ ಹುಡುಗಿ, ಇವರು ರಂಗಕ್ಕೆ ಬಂದರೆ ಸಾಕು, ಮಾತೇ ಬೇಡ. ಅದಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಭಾಷೆಯ ಗೇಲಿ. ಕಲಬುರಗಿ, ವಿಜಯಪುರದ ಕಡೆಯ ಮಾತನಾಡುವ ಪಾತ್ರವೊಂದನ್ನು ದಡ್ಡನನ್ನಾಗಿ ತಂದು ನಿಲ್ಲಿಸುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಆ ಭಾಗದಿಂದ ಬಂದ ಕನ್ನಡಿಗರು ಈ ಮಹಾನಗರದಲ್ಲಿ ಇಟ್ಟಿಗೆ ಹೊರುತ್ತಾರೆ, ರಸ್ತೆ ಅಗೆಯುತ್ತಾರೆ, ಬೆಳಿಗ್ಗೆ ನಾಕಾದಲ್ಲಿ ಬುತ್ತಿ ಹಿಡಿದು ಕೂಲಿಗಾಗಿ ಕಾಯುತ್ತಾರೆ. ನಮ್ಮ ಸಂಘಗಳ ಸದಸ್ಯರ ಪಟ್ಟಿಯಲ್ಲಿ ಅವರ ಹೆಸರುಗಳು ಅಪರೂಪ. ಸಭಾಗೃಹದ ಕುರ್ಚಿಯಲ್ಲಿ ಇಲ್ಲದ ಕನ್ನಡಿಗ ರಂಗದ ಮೇಲೆ ಮಾತ್ರ, ಅದೂ ನಗೆಪಾಟಲಿಗಾಗಿ, ಕಾಣಿಸಿಕೊಳ್ಳುತ್ತಾನೆ. ಸಮಾನತೆಯ ಬಗ್ಗೆ ಅದೇ ಸಂಜೆ ಅದೇ ವೇದಿಕೆಯಿಂದ ಆಡಿದ ಭಾಷಣಕ್ಕಿಂತ ಈ ಎರಡು ನಿಮಿಷದ ದೃಶ್ಯ ನಮ್ಮ ಬಗ್ಗೆ ಹೆಚ್ಚು ನಿಜ ಹೇಳುತ್ತದೆ. ಕ್ಷುಲ್ಲಕವೆಂದು ಇದನ್ನು ಬಿಟ್ಟರೆ ನಿಜವನ್ನೇ ಬಿಟ್ಟಂತೆ.

ಇನ್ನೊಂದು ಸಂಗತಿಯಿದೆ. ನೋಡುವವನಿಗೆ ಹಗುರವಾದದ್ದು ಮಾಡುವವನಿಗೆ ಹೊಟ್ಟೆಪಾಡು. 2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿದಾಗ ಯಕ್ಷಗಾನ ಮೇಳಗಳ ತಿರುಗಾಟ ಪತ್ತನಾಜೆಗೆ ಎರಡು ತಿಂಗಳು ಮೊದಲೇ ನಿಂತುಹೋಯಿತು. ಆ ವರ್ಷ ಮಳೆಗಾಲದ ಮುಂಬಯಿ ಪ್ರವಾಸವೂ ಇಲ್ಲ. ಅದೇ ಮಾರ್ಚ್ 28ರಿಂದ ದೂರದರ್ಶನವು 1987ರ ರಾಮಾಯಣ ಧಾರಾವಾಹಿಯನ್ನು ಮತ್ತೆ ತೋರಿಸಿತು. ಮನೆಯಿದ್ದವರು ಮನೆಯಲ್ಲಿ ಕುಳಿತು ರಾಮನ ವನವಾಸ ನೋಡುತ್ತಿದ್ದ ದಿನಗಳಲ್ಲೇ ಸಾವಿರಾರು ಕೂಲಿಗಳು ಗಂಟುಮೂಟೆ ಹೊತ್ತು ಹೆದ್ದಾರಿಯಲ್ಲಿ ಊರಿನ ದಾರಿ ಹಿಡಿದಿದ್ದರು. ಗಂಭೀರ ಜನರ ಆಕ್ಷೇಪಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿಲ್ಲ, ನಾವು ಅದನ್ನು ತಳ್ಳಿಹಾಕುವುದಿಲ್ಲ. ರಂಜನೆಯು ಕಿಟಕಿಯ ಪರದೆಯಾಗಬಲ್ಲದು. ಆದರೆ ಪರದೆ ಎಳೆಯುವ ಕೈ ನಮ್ಮದು. ಪರದೆಯ ಮೇಲೆ ವನವಾಸ ಕಂಡವನು ರಸ್ತೆಯ ಮೇಲಿನ ವನವಾಸವನ್ನು ಗುರುತಿಸಲಾರದೆ ಹೋದರೆ, ಅವನಿಗೆ ನೋಡುವುದನ್ನು ಕಲಿಸಬೇಕು. ವಿಮರ್ಶೆಯ ಕೆಲಸ ಅದೇ.

ಹೀಗೆ ನೋಡುವುದನ್ನು ಕಲಿಸಿದ ಕನ್ನಡ ಲೇಖಕರು ನಮ್ಮ ನಡುವೆಯೇ ಇದ್ದರು. ಎರಡು ದಶಕಕ್ಕೂ ಮಿಕ್ಕಿ ಮುಂಬಯಿಯಲ್ಲಿ ಬಾಳಿದ ಜಯಂತ ಕಾಯ್ಕಿಣಿಯವರ ಕತೆಗಳಲ್ಲಿ ಸಿನಿಮಾ ಮತ್ತೆ ಮತ್ತೆ ಬರುತ್ತದೆ. ಆದರೆ ತಾರೆಯರು ಬರುವುದಿಲ್ಲ. ‘ತೂಫಾನ್ ಮೇಲ್’ ಕತೆಯಲ್ಲಿ ಬರುವವನು ಸಾಹಸದ ದೃಶ್ಯಗಳಿಗೆ ದೇಹವನ್ನು ಒಡ್ಡುವ ಹುಡುಗ. ‘ಒಪೆರಾ ಹೌಸ್’ ಕತೆಯಲ್ಲಿ ಬರುವವನು ಆಟ ಮುಗಿದು ಜನ ಹೋದ ಮೇಲೆ ಕುರ್ಚಿಗಳ ನಡುವೆ ಕಸ ಗುಡಿಸುವ ಇಂದ್ರನೀಲ; ಅವನಿಗೆ ಯಾರೋ ಮರೆತುಹೋದ ಫ್ಲಾಸ್ಕೊಂದು ಸಿಗುತ್ತದೆ. ನಿಜವಾದ ಒಪೆರಾ ಹೌಸ್ 1993ರಲ್ಲಿ ಮುಚ್ಚಿ, ದುರಸ್ತಿಯಾಗಿ 2016ರಲ್ಲಿ ತೆರೆಯಿತು. ಕಟ್ಟಡದ ಚೆಲುವಿನ ಬಗ್ಗೆ ಆಗ ಪತ್ರಿಕೆಗಳು ಬರೆದವು. ಅಲ್ಲಿ ಗುಡಿಸಿದವನ ಬಗ್ಗೆ ಬರೆದದ್ದು ಒಂದು ಕನ್ನಡ ಕತೆ. ಈ ಮುಂಬಯಿ ಕತೆಗಳ ಇಂಗ್ಲಿಷ್ ಅನುವಾದಕ್ಕೆ 2018ನೇ ಸಾಲಿನ ಡಿ.ಎಸ್.ಸಿ. ಪ್ರಶಸ್ತಿ ಬಂತು. ಅಗ್ಗದ ಮನೋರಂಜನೆಯನ್ನು ಅವರು ಹೊಗಳಲಿಲ್ಲ, ಹಳಿಯಲೂ ಇಲ್ಲ. ಅದರ ಹಿಂಬದಿಯ ಬಾಗಿಲಿನಿಂದ ಒಳಹೊಕ್ಕು ನೋಡಿದರು. ಅಲ್ಲಿ ಬೇರೆ ಯಾವ ಗಂಭೀರ ವಿಷಯಕ್ಕೂ ಕಡಿಮೆಯಿಲ್ಲದ ಬದುಕು ಸಿಕ್ಕಿತು.

ಖಜಾಂಚಿಗಳ ಒಂದು ಪ್ರಶ್ನೆ ಉಳಿದಿದೆ. ನಾಟಕಕ್ಕೆ ಹಾಕುವ ಹಣವನ್ನು ವಿದ್ಯಾರ್ಥಿವೇತನಕ್ಕೆ ಹಾಕಬಾರದೇ? ಪ್ರಶ್ನೆ ನ್ಯಾಯವಾದದ್ದು. ಎರಡರಲ್ಲಿ ಒಂದೇ ಆಗುವುದಾದರೆ ಹುಡುಗನ ಶಾಲೆಯ ಫೀಸು ಮೊದಲು; ಅದರಲ್ಲಿ ವಾದವಿಲ್ಲ. ಆದರೆ ನಾಟಕ ನಿಲ್ಲಿಸಿದ ಹಣ ತಾನಾಗಿ ಶಾಲೆಗೆ ಹೋಗುವುದಿಲ್ಲ. ಶಾಲು, ಹಾರ, ಫಲಕಗಳಿಗೆ ಹೋಗುವುದೇ ಹೆಚ್ಚು. ಮೇಲಾಗಿ ನಾವು ಕೇಳುತ್ತಿರುವುದು ಹೆಚ್ಚು ಹಣವನ್ನಲ್ಲ, ಹೆಚ್ಚು ಗಮನವನ್ನು.

ಆದ್ದರಿಂದ ನಮ್ಮ ಸೂಚನೆ ಇಷ್ಟು. ವರದಿ ಬರೆಯುವ ಕಾರ್ಯದರ್ಶಿಗಳು ನಾಟಕಕ್ಕೆ ಒಂದು ವಾಕ್ಯದ ಬದಲು ಹತ್ತು ವಾಕ್ಯ ಕೊಡಲಿ. ನಗೆ ಯಾರ ಖರ್ಚಿನಲ್ಲಿ ನಡೆಯಿತೆಂದು ಅದರಲ್ಲಿ ಹೇಳಲಿ. ಆಟ ಆಡಿಸುವವರು ಬಾಹುಕನಿಗೆ ಸಖಿಯೊಡನೆ ಮಾತನಾಡಲು ಸಮಯ ಉಳಿಸಲಿ. ಭಾಷಣದಲ್ಲಿ ಕಾಲು ಗಂಟೆ ಕಡಿಮೆ ಮಾಡಿದರೆ ಕೊನೆಯ ಲೋಕಲ್ ತಪ್ಪುವುದಿಲ್ಲ. ಮುಂದಿನ ಬಾರಿ ಹಾಸ್ಯ ನಾಟಕದ ಪಾಸು ಹಂಚುವಾಗ ಒಂದು ಕಟ್ಟು ನಾಕಾದಲ್ಲಿ ನಿಂತ ಕನ್ನಡಿಗರ ಕೈಗೂ ಹೋಗಲಿ. ಅವರು ಬಂದು ಮುಂದಿನ ಸಾಲಿನಲ್ಲಿ ಕುಳಿತ ದಿನ ಯಾವ ಮಾತಿಗೆ ನಗಬಹುದು, ಯಾವುದಕ್ಕೆ ಬಾರದು ಎಂದು ನಾಟಕಕಾರರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.